ಉಪಕರಣ ಮತ್ತು ಅಚ್ಚು ತಯಾರಿಕಾ ಶಿಕ್ಷಣ: ಕುಂದಾಪುರ, ಬೈಂದೂರು ಹಾಗೂ ಬ್ರಹ್ಮಾವರ ತಾಲ್ಲೂಕುಗಳ ಅಭ್ಯರ್ಥಿಗಳಿಗೆ ಮಾಹಿತಿ

ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದ ನಂತರ ಈ ಮೂರೂ ತಾಲ್ಲೂಕುಗಳ ಪೋಷಕರು ಮತ್ತು ವಿದ್ಯಾರ್ಥಿಗಳು ತಾಂತ್ರಿಕ ಶಿಕ್ಷಣದ ಕುರಿತು ವಿಚಾರಿಸಲು ಕಚೇರಿಗಳಿಗೆ ಬರುತ್ತಾರೆ. ಐ.ಟಿ.ಐ. ಮತ್ತು ಡಿಪ್ಲೊಮಾ ಇವುಗಳ ವ್ಯತ್ಯಾಸವೇನು, ಯಾವುದಕ್ಕೆ ಸೇರಿದರೆ ಯಾವ ಕೆಲಸ ದೊರೆಯುತ್ತದೆ ಎಂಬುದು ತಿಳಿಯದೆ, ನೆರೆಮನೆಯ ಹುಡುಗನು ಸೇರಿದ ಕೋರ್ಸಿಗೇ ತಮ್ಮ ಮಗನನ್ನೂ ಸೇರಿಸುವವರು ಹೆಚ್ಚು. ಇದರಿಂದ ಎರಡು ಅಥವಾ ಮೂರು ವರ್ಷ ವ್ಯರ್ಥವಾದ ಪ್ರಕರಣಗಳು ಕಂಡುಬಂದಿರುವುದರಿಂದ, ಲೋಹವನ್ನು ನಿಖರ ಅಳತೆಗೆ ರೂಪಿಸುವ ವಿದ್ಯೆ, ಅದರ ಕೋರ್ಸುಗಳು ಹಾಗೂ ಉದ್ಯೋಗದ ದಾರಿಗಳನ್ನು ಇಲ್ಲಿ ವಿವರಿಸಲಾಗಿದೆ.

ಈ ವಿದ್ಯೆ ಎಂದರೇನು?

ಒಂದು ಪ್ಲಾಸ್ಟಿಕ್ ಕೊಡ, ಒಂದು ಸ್ಟೀಲ್ ತಟ್ಟೆ, ಒಂದು ಮೊಬೈಲಿನ ಹೊರಕವಚ ಇವು ಯಾವುವೂ ಒಂದೊಂದಾಗಿ ಕೈಯಿಂದ ತಯಾರಾಗುವುದಿಲ್ಲ. ಮೊದಲು ಅದರ ಅಚ್ಚು ತಯಾರಾಗಬೇಕು. ಆ ಅಚ್ಚಿನಿಂದ ಸಾವಿರಾರು, ಲಕ್ಷಾಂತರ ಪದಾರ್ಥಗಳು ಹೊರಬರುತ್ತವೆ. ಅಚ್ಚು ತಪ್ಪಿದರೆ ಅದರಿಂದ ಬಂದ ಪ್ರತಿಯೊಂದು ವಸ್ತುವೂ ತಪ್ಪುತ್ತದೆ. ಆದುದರಿಂದ ಅಚ್ಚು ಮಾಡುವ ಕೆಲಸಗಾರನ ಅಳತೆಯು ಇತರರದ್ದಕ್ಕಿಂತ ಹೆಚ್ಚು ಬಿಗಿಯಾಗಿರಬೇಕು.

ಈ ಭಾಗದವರಿಗೆ ಅಚ್ಚು ಹೊಸದೇನಲ್ಲ. ಕುಂದಾಪುರ ಪರಿಸರದ ಹೆಂಚಿನ ಕಾರ್ಖಾನೆಗಳಲ್ಲಿ ಮಣ್ಣಿನ ಹಲಗೆಯನ್ನು ಎರಡು ಅಚ್ಚುಗಳ ನಡುವೆ ಒತ್ತಿ ಹೆಂಚು ತೆಗೆಯುವುದನ್ನು ಹಿರಿಯರು ನೋಡಿದ್ದಾರೆ. ಅಂತಹ ಕಾರ್ಖಾನೆಗಳಲ್ಲಿ ಹಲವು ಈಗ ಮುಚ್ಚಿವೆ. ಆದರೆ ಗೇರುಬೀಜ ಕಾರ್ಖಾನೆಗಳ ಕತ್ತರಿಸುವ ಯಂತ್ರಗಳ ಬಿಡಿಭಾಗಗಳು, ಗಂಗೊಳ್ಳಿ ಹಾಗೂ ಮಲ್ಪೆ ಬಂದರುಗಳ ದೋಣಿಗಳ ಶಾಫ್ಟ್ ಮತ್ತು ಬುಷ್‌ಗಳು ಇಂದಿಗೂ ಸ್ಥಳೀಯ ಲೇತ್ ವರ್ಕ್‌ಶಾಪುಗಳಲ್ಲಿಯೇ ದುರಸ್ತಿಯಾಗುತ್ತವೆ.

ಅಳತೆಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳುವುದು ಅವಶ್ಯ. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗವನ್ನು ಮೈಕ್ರಾನ್ ಎನ್ನಲಾಗುತ್ತದೆ. ತಲೆಗೂದಲಿನ ದಪ್ಪ ಸುಮಾರು 50ರಿಂದ 100 ಮೈಕ್ರಾನ್. ವಿದ್ಯಾರ್ಥಿಯು ಮೊದಲು ಹಿಡಿಯುವ ವರ್ನಿಯರ್ ಕ್ಯಾಲಿಪರ್ ಸಾಮಾನ್ಯವಾಗಿ 20 ಮೈಕ್ರಾನ್‌ವರೆಗೆ, ಮೈಕ್ರೋಮೀಟರ್ 10 ಮೈಕ್ರಾನ್‌ವರೆಗೆ ಅಳೆಯುತ್ತದೆ. ಅಳತೆಗೆ ಅಂತರರಾಷ್ಟ್ರೀಯವಾಗಿ ನಿಗದಿಯಾದ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್. ನಮ್ಮ ಕರಾವಳಿಯಲ್ಲಿ ಕೊಠಡಿಯ ಉಷ್ಣತೆ 32 ಡಿಗ್ರಿ ಇದ್ದರೆ, 100 ಮಿಲಿಮೀಟರ್ ಉದ್ದದ ಉಕ್ಕಿನ ತುಂಡು ಸುಮಾರು 14 ಮೈಕ್ರಾನ್‌ನಷ್ಟು ಹಿಗ್ಗಿರುತ್ತದೆ. ಅಂಗೈಯಲ್ಲಿ ಹಿಡಿದುಕೊಂಡೇ ಅಳೆದರೂ ಲೆಕ್ಕ ತಪ್ಪುತ್ತದೆ. ಅಳತೆ ಕೊಠಡಿಗೆ ಹವಾನಿಯಂತ್ರಣವಿರುವುದು ಸಿಬ್ಬಂದಿಯ ಸುಖಕ್ಕಾಗಿ ಅಲ್ಲ. ವಾಣಿಜ್ಯ ಪದವೀಧರನಾದ ಈ ಟಿಪ್ಪಣಿಯ ಲೇಖಕನಿಗೆ, ಒಂದು ರೂಪಾಯಿ ಹೊಂದದ ಲೆಡ್ಜರನ್ನು ರಾತ್ರಿಯವರೆಗೆ ಹುಡುಕಿದ ಅನುಭವದಿಂದ ಈ ಮಾತು ಸುಲಭವಾಗಿ ಅರ್ಥವಾಯಿತು.

ಉಪ್ಪುಗಾಳಿ ಮತ್ತು ಮಳೆಗಾಲದ ತೇವದಿಂದ ಹೊಳಪು ಕೊಟ್ಟ ಉಕ್ಕಿಗೆ ಬಹುಬೇಗ ತುಕ್ಕು ಹಿಡಿಯುತ್ತದೆ. ಬೆವರಿದ ಬೆರಳಿನ ಗುರುತೂ ಸಾಕು. ಕೆಲಸ ಮುಗಿದೊಡನೆ ಒರೆಸಿ ಎಣ್ಣೆ ಸವರುವ ಅಭ್ಯಾಸವನ್ನು ಕರಾವಳಿಯ ವಿದ್ಯಾರ್ಥಿಗಳು ಮೊದಲ ದಿನದಿಂದಲೇ ರೂಢಿಸಿಕೊಳ್ಳತಕ್ಕದ್ದು.

ಯಾವ ಕೋರ್ಸಿಗೆ ಸೇರಬಹುದು?

ಎಸ್.ಎಸ್.ಎಲ್.ಸಿ. ತೇರ್ಗಡೆಯಾದವರಿಗೆ ಮುಖ್ಯವಾಗಿ ಎರಡು ದಾರಿಗಳಿವೆ.

ಮೊದಲನೆಯದು ಐ.ಟಿ.ಐ. ಇದರಲ್ಲಿ ಫಿಟ್ಟರ್, ಟರ್ನರ್, ಮೆಷಿನಿಸ್ಟ್ ಹಾಗೂ ಟೂಲ್ ಅಂಡ್ ಡೈ ಮೇಕರ್ ವೃತ್ತಿಗಳು ಎರಡು ವರ್ಷದವು. ತೇರ್ಗಡೆಯಾದವರಿಗೆ ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರ ದೊರೆಯುತ್ತದೆ. ರಾಜ್ಯದ 150 ಸರ್ಕಾರಿ ಐ.ಟಿ.ಐ.ಗಳನ್ನು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಮೇಲ್ದರ್ಜೆಗೇರಿಸಿ 2022ರ ಜೂನ್‌ನಲ್ಲಿ ಉದ್ಘಾಟಿಸಲಾಗಿದ್ದು, ಅಂತಹ ಸಂಸ್ಥೆಗಳಲ್ಲಿ ಸಿ.ಎನ್.ಸಿ. ಯಂತ್ರಗಳ ಮೇಲೆ ಕಲಿಯುವ ಅವಕಾಶವಿದೆ. ಸೇರುವ ಮುನ್ನ ಕಾರ್ಯಾಗಾರವನ್ನು ಒಮ್ಮೆ ಕಣ್ಣಾರೆ ನೋಡುವುದು ಒಳಿತು.

ಎರಡನೆಯದು ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜನಬಳಕೆಯಲ್ಲಿ ಜಿ.ಟಿ.ಟಿ.ಸಿ. ಇದನ್ನು 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನೊಂದಿಗೆ ಬೆಂಗಳೂರಿನಲ್ಲಿ ಸ್ಥಾಪಿಸಲಾಯಿತು. ಇಂದು ರಾಜ್ಯದ ಹಲವು ಜಿಲ್ಲೆಗಳಲ್ಲಿ ಇದರ ಕೇಂದ್ರಗಳಿದ್ದು, ಬ್ರಹ್ಮಾವರ ತಾಲ್ಲೂಕಿನ ಉಪ್ಪೂರು ಹಾಗೂ ಮಂಗಳೂರಿನ ಬೈಕಂಪಾಡಿಯ ಕೇಂದ್ರಗಳು ಈ ಭಾಗಕ್ಕೆ ಅನುಕೂಲವಾಗಿವೆ. ಬೈಂದೂರಿನಿಂದ ಉಪ್ಪೂರಿಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 60 ಕಿ.ಮೀ. ದೂರವಿದೆ. ದಿನವೂ ಬಸ್ಸಿನಲ್ಲಿ ಹೋಗಿಬರುವುದು ಸಾಧ್ಯವೇ ಎಂಬುದನ್ನು, ಅದರಲ್ಲೂ ಆಷಾಢದ ಮಳೆಯನ್ನು ನೆನೆದು, ಮೊದಲೇ ಯೋಚಿಸುವುದು ಸೂಕ್ತ.

ಸದರಿ ಸಂಸ್ಥೆಯ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಒಟ್ಟು ನಾಲ್ಕು ವರ್ಷದ್ದು. ಮೂರು ವರ್ಷ ಸಂಸ್ಥೆಯಲ್ಲಿ ವ್ಯಾಸಂಗ, ನಾಲ್ಕನೆಯ ವರ್ಷ ಕಾರ್ಖಾನೆಯಲ್ಲಿ ತರಬೇತಿ. ಪಾಲಿಟೆಕ್ನಿಕ್‌ನಲ್ಲಿ ಮೂರೇ ವರ್ಷ, ಇಲ್ಲೇಕೆ ನಾಲ್ಕು ಎಂಬುದು ಪೋಷಕರು ತಪ್ಪದೆ ಕೇಳುವ ಪ್ರಶ್ನೆ. ಬೇರೆಡೆ ಓದಿದವನು ಕೆಲಸಕ್ಕೆ ಸೇರಿದ ಮೇಲೆ ಕಲಿಯುವುದನ್ನು ಇಲ್ಲಿ ಓದಿನ ಭಾಗವಾಗಿಯೇ ಕಲಿಸಲಾಗುತ್ತದೆ. ಆ ವರ್ಷ ಸಾಮಾನ್ಯವಾಗಿ ಕಾರ್ಖಾನೆಯಿಂದ ಶಿಷ್ಯವೇತನ ದೊರೆಯುತ್ತದೆಯಾದರೂ, ಬೆಂಗಳೂರಿನಂತಹ ಊರಿನಲ್ಲಿ ಕೊಠಡಿ ಬಾಡಿಗೆ ಮತ್ತು ಊಟದ ಖರ್ಚಿಗೆ ಮನೆಯಿಂದಲೂ ಹಣ ಕಳುಹಿಸಬೇಕಾಗಬಹುದು. ಮೂರು ವರ್ಷ ಓದಿ, ಈ ಒಂದು ಕಾರಣಕ್ಕೆ ಅರ್ಧದಲ್ಲಿ ಬಿಟ್ಟರೆ ಡಿಪ್ಲೊಮಾ ಪೂರ್ಣವಾಗುವುದಿಲ್ಲ. ಆದುದರಿಂದ ಪ್ರವೇಶದ ದಿನವೇ ನಾಲ್ಕನೆಯ ವರ್ಷದ ಲೆಕ್ಕವನ್ನೂ ಹಾಕಿಕೊಳ್ಳತಕ್ಕದ್ದು.

ಕೆಲವು ತಿಂಗಳುಗಳ ಸಿ.ಎನ್.ಸಿ. ಆಪರೇಟರ್ ತರಬೇತಿಗಳೂ ಇವೆ. ಇವು ಯಂತ್ರ ನಡೆಸಲು ಸಾಕಾಗುತ್ತವೆ. ಅಚ್ಚಿನ ನಕ್ಷೆ ರಚಿಸಲು ಸಾಕಾಗುವುದಿಲ್ಲ. ಇವೆರಡೂ ಒಂದೇ ಎಂದು ಯಾರಾದರೂ ಹೇಳಿದಲ್ಲಿ ನಂಬಬಾರದು.

ಎರಡು ವರ್ಷದ ಐ.ಟಿ.ಐ. ಮುಗಿಸಿದವರು ಪಾಲಿಟೆಕ್ನಿಕ್ ಡಿಪ್ಲೊಮಾದ ಎರಡನೆಯ ವರ್ಷಕ್ಕೂ, ಡಿಪ್ಲೊಮಾ ಪಡೆದವರು ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ನಡೆಸುವ ಡಿ.ಸಿ.ಇ.ಟಿ. ಪರೀಕ್ಷೆಯ ಮೂಲಕ ಬಿ.ಇ. ಎರಡನೆಯ ವರ್ಷಕ್ಕೂ ಸೇರಲು ಅವಕಾಶವಿದೆ. ಐ.ಟಿ.ಐ.ಗೆ ಸೇರಿದರೆ ಮುಂದೆ ಓದಲು ದಾರಿಯೇ ಇಲ್ಲ ಎಂಬ ಅಭಿಪ್ರಾಯ ಸರಿಯಲ್ಲ.

ಹೆಣ್ಣುಮಕ್ಕಳು ಸೇರಬಹುದೇ?

ಸೇರಬಹುದು. ಭಾರ ಎತ್ತುವುದಕ್ಕೆ ಕ್ರೇನ್ ಇದೆ. ಅಳತೆ, ನಕ್ಷೆ ಮತ್ತು ಪ್ರೋಗ್ರಾಮ್ ಬರೆಯುವ ಕೆಲಸಗಳಲ್ಲಿ ತೋಳಿನ ಬಲಕ್ಕಿಂತ ತಾಳ್ಮೆಗೆ ಬೆಲೆ. ಆದರೆ ಗಂಡಾಗಲಿ ಹೆಣ್ಣಾಗಲಿ, ತಿರುಗುವ ಯಂತ್ರದ ಬಳಿ ಬಿಟ್ಟ ಕೂದಲು, ದುಪಟ್ಟಾ, ಸಡಿಲ ತೋಳು, ಸರ, ಬಳೆ, ಉಂಗುರ ಇವುಗಳಿಗೆ ಅವಕಾಶವಿಲ್ಲ. ಕೈಗವಸು ಹಾಕಿಕೊಂಡು ಲೇತ್ ನಡೆಸುವುದು ಸುರಕ್ಷಿತವೆಂಬುದು ತಪ್ಪು ತಿಳಿವಳಿಕೆ. ಕೈಗವಸು ಸಿಕ್ಕಿಕೊಂಡರೆ ಕೈಯನ್ನೂ ಎಳೆಯುತ್ತದೆ.

ಉದ್ಯೋಗಾವಕಾಶಗಳು

ಕಲಿತವರು ಟೂಲ್ ಮೇಕರ್, ಸಿ.ಎನ್.ಸಿ. ಪ್ರೋಗ್ರಾಮರ್, ಅಚ್ಚು ವಿನ್ಯಾಸಕ, ಗುಣಮಟ್ಟ ಪರಿವೀಕ್ಷಕ ಅಥವಾ ಯಂತ್ರ ನಿರ್ವಹಣೆಯ ತಂತ್ರಜ್ಞರಾಗಿ ದುಡಿಯಬಹುದು. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶವು ಇಂತಹ ಕೆಲಸಗಳ ದೊಡ್ಡ ನೆಲೆ. 1940ರಲ್ಲಿ ಆರಂಭವಾದ ಹಿಂದೂಸ್ತಾನ್ ಏರೋನಾಟಿಕ್ಸ್, 1954ರ ಭಾರತ್ ಎಲೆಕ್ಟ್ರಾನಿಕ್ಸ್‌ನಂತಹ ಸಾರ್ವಜನಿಕ ಉದ್ಯಮಗಳೂ ಅಲ್ಲಿವೆ. ಹತ್ತಿರದಲ್ಲಿಯೇ ನೋಡುವುದಾದರೆ, ಕೊಚ್ಚಿನ್ ಶಿಪ್‌ಯಾರ್ಡ್ ಸಂಸ್ಥೆಯು 2020ರಲ್ಲಿ ವಹಿಸಿಕೊಂಡ, ಈಗ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂಬ ಹೆಸರಿನ ಹಡಗು ನಿರ್ಮಾಣ ಘಟಕ ಮಲ್ಪೆಯಲ್ಲಿದೆ.

ಐ.ಟಿ.ಐ. ತೇರ್ಗಡೆಯಾದವರು 1961ರ ಶಿಶಿಕ್ಷು ಅಧಿನಿಯಮದಡಿ ಅಪ್ರೆಂಟಿಸ್ ತರಬೇತಿ ಪಡೆಯಬಹುದು. ರೈಲ್ವೆಯ ಸಹಾಯಕ ಲೋಕೋ ಪೈಲಟ್ ಹುದ್ದೆಗೆ ಫಿಟ್ಟರ್, ಟರ್ನರ್, ಮೆಷಿನಿಸ್ಟ್ ವೃತ್ತಿಯವರು ಅರ್ಜಿ ಸಲ್ಲಿಸುತ್ತಾರೆ. ಡಿಪ್ಲೊಮಾ ಅಭ್ಯರ್ಥಿಗಳು ಮಾತ್ರ ಇಲ್ಲಿ ಎಚ್ಚರ ವಹಿಸಬೇಕು: ಯಾವುದೇ ನೇಮಕಾತಿ ಅಧಿಸೂಚನೆಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಎಂದಷ್ಟೇ ಇದ್ದಲ್ಲಿ, ಟೂಲ್ ಅಂಡ್ ಡೈ ಡಿಪ್ಲೊಮಾವನ್ನು ತತ್ಸಮಾನವೆಂದು ಪರಿಗಣಿಸಲಾಗುತ್ತದೆಯೇ ಎಂಬುದನ್ನು ಶುಲ್ಕ ಪಾವತಿಸುವ ಮುನ್ನವೇ ಲಿಖಿತವಾಗಿ ಖಚಿತಪಡಿಸಿಕೊಳ್ಳತಕ್ಕದ್ದು.

ಸರ್ಕಾರಿ ಕೆಲಸ ಖಂಡಿತವೇ ಎಂದು ಕೇಳುವವರಿಗೆ ನೇರ ಉತ್ತರ: ಖಂಡಿತವಿಲ್ಲ. ಈ ವಿದ್ಯೆಯ ಬಹುಪಾಲು ಉದ್ಯೋಗಗಳು ಖಾಸಗಿ ಕ್ಷೇತ್ರದಲ್ಲಿವೆ. ಆರಂಭದ ವೇತನ ಸಾಧಾರಣವಾಗಿರುತ್ತದೆ, ಪಾಳಿಯ ಕೆಲಸವಿರುತ್ತದೆ. ಈ ಭಾಗದ ತರುಣರು ತಲೆಮಾರುಗಳಿಂದ ಹೋಟೆಲ್ ಕೆಲಸಕ್ಕಾಗಿ ಬೆಂಗಳೂರು, ಮುಂಬಯಿಗೆ ಹೋದವರು. ಊರು ಬಿಡುವುದು ಇದರಲ್ಲಿಯೂ ತಪ್ಪದು. ಕೈಯಲ್ಲಿ ಕಸುಬು ಹಿಡಿದು ಹೋಗುವುದಷ್ಟೇ ವ್ಯತ್ಯಾಸ.

ಅರ್ಜಿ ಮತ್ತು ದಾಖಲೆಗಳು

ಎಸ್.ಎಸ್.ಎಲ್.ಸಿ. ಅಂಕಪಟ್ಟಿ, ವರ್ಗಾವಣೆ ಪತ್ರ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ವ್ಯಾಸಂಗ ಪ್ರಮಾಣಪತ್ರ, ಮೀಸಲಾತಿ ಕೋರುವವರು ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಪ್ರಮಾಣಪತ್ರಗಳು, ಆಧಾರ್ ಪ್ರತಿ ಹಾಗೂ ಭಾವಚಿತ್ರಗಳನ್ನು ಸಿದ್ಧಪಡಿಸಿಕೊಳ್ಳಬೇಕು. ಶುಲ್ಕ, ಕೊನೆಯ ದಿನಾಂಕ ಹಾಗೂ ಸೀಟುಗಳ ವಿವರಕ್ಕೆ ಆಯಾ ವರ್ಷದ ಪ್ರವೇಶ ಪ್ರಕಟಣೆಯನ್ನೇ ನೋಡತಕ್ಕದ್ದು.

ಬೈಂದೂರು ಮತ್ತು ಬ್ರಹ್ಮಾವರ 2018ರಲ್ಲಿ ಪ್ರತ್ಯೇಕ ತಾಲ್ಲೂಕುಗಳಾಗಿ ಕಾರ್ಯಾರಂಭ ಮಾಡಿದವು. ಹಳೆಯ ದಾಖಲೆಗಳಲ್ಲಿ ಕುಂದಾಪುರ ಅಥವಾ ಉಡುಪಿ ತಾಲ್ಲೂಕು ಎಂದಿರುವುದು ಸಹಜ. ಆದರೆ ಹೊಸದಾಗಿ ಪಡೆಯುವ ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ಈಗಿನ ತಾಲ್ಲೂಕಿನ ವ್ಯಾಪ್ತಿಯ ನಾಡಕಚೇರಿಯಲ್ಲಿಯೇ ಅರ್ಜಿ ಸಲ್ಲಿಸಬೇಕು.

ಅತಿ ಹೆಚ್ಚು ತೊಂದರೆಯಾಗುವುದು ಹೆಸರಿನ ವಿಷಯದಲ್ಲಿ. ಆಧಾರ್‌ನಲ್ಲಿ ಹೆಸರಿನ ಮುಂದೆ ಶೆಟ್ಟಿ, ಪೂಜಾರಿ, ದೇವಾಡಿಗ, ಮೊಗವೀರ ಎಂದಿದ್ದು ಅಂಕಪಟ್ಟಿಯಲ್ಲಿ ಬರೀ ಹೆಸರಿದ್ದರೆ, ವಿದ್ಯಾರ್ಥಿವೇತನದ ಅರ್ಜಿ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ ನಿಂತುಹೋಗಬಹುದು. ಅಂಕಪಟ್ಟಿಯನ್ನು ಆಧಾರವಾಗಿಟ್ಟುಕೊಂಡು ಆಧಾರ್ ತಿದ್ದಿಸುವುದು ಸುಲಭದ ದಾರಿ. ವಿದ್ಯಾರ್ಥಿಯ ಸ್ವಂತ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರುವುದನ್ನು ಬ್ಯಾಂಕಿನಲ್ಲಿಯೇ ವಿಚಾರಿಸಿ ದೃಢಪಡಿಸಿಕೊಳ್ಳಬೇಕು, ತಂದೆಯ ಖಾತೆ ನಡೆಯುವುದಿಲ್ಲ. ಈ ಎರಡು ಕೆಲಸಗಳನ್ನು ಫಲಿತಾಂಶಕ್ಕೆ ಕಾಯದೆ, ಏಪ್ರಿಲ್ ರಜೆಯಲ್ಲಿಯೇ ಮುಗಿಸಿಕೊಳ್ಳುವಂತೆ ಕೋರಲಾಗಿದೆ.