ನಾಲ್ಕು ಪುಟದ ಲೆಕ್ಕ: ಅಮೆರಿಕದ ಸರ್ಕಾರಿ ಲೆಕ್ಕಿಗರ ಸಂಘದ ಕಲಿಕೆ ಮತ್ತು ಸೇವೆ

ಸರ್ಕಾರಿ ನೌಕರರ ಸಂಘವೆಂದೊಡನೆ ವೇತನ ಪರಿಷ್ಕರಣೆ, ಜ್ಯೇಷ್ಠತಾ ಪಟ್ಟಿ ಮತ್ತು ವರ್ಗಾವಣೆಗಳನ್ನೇ ನೆನೆಯುವ ಕನ್ನಡ ಓದುಗರಿಗೆ, ಈ ಮೂರರಲ್ಲಿ ಒಂದನ್ನೂ ಮುಟ್ಟದೆ ಏಳು ದಶಕಗಳಿಗೂ ಮೀರಿ ಬಾಳಿರುವ ಲೆಕ್ಕಿಗರ ಸಂಘವೊಂದರ ಚರಿತ್ರೆ ಅಪರಿಚಿತವಾಗಿ ಉಳಿದಿರುವುದರಲ್ಲಿ ಆಶ್ಚರ್ಯವಿಲ್ಲ. ಅಮೆರಿಕದ ಅಸೋಸಿಯೇಷನ್ ಆಫ್ ಗೌರ್ನಮೆಂಟ್ ಅಕೌಂಟೆಂಟ್ಸ್, ಅಂದರೆ ಎಜಿಎ, ತನ್ನ ಸದಸ್ಯರ ವೃತ್ತಿ ಕಲಿಕೆ ಮತ್ತು ಸಮುದಾಯ ಸೇವೆಗಳೆರಡನ್ನೂ ಮೊದಲಿನಿಂದ ಹೊತ್ತುಕೊಂಡು ಬಂದ ಸಂಸ್ಥೆ. ಆದರೆ ಅದರ ಬಗ್ಗೆ ಆ ದೇಶದಲ್ಲಿಯೇ ಎರಡು ತಪ್ಪು ಗ್ರಹಿಕೆಗಳು ಬೇರೂರಿವೆ. ಪ್ರಮಾಣಪತ್ರಕ್ಕೆ ಬೇಕಾದ ತರಬೇತಿಯ ಗಂಟೆಗಳನ್ನು ಕೂಡಿಹಾಕಿ, ಬಿಡುವಾದಾಗ ಬಡವರಿಗೆ ದವಸಧಾನ್ಯ ಸಂಗ್ರಹಿಸುವ ಕೂಟವಷ್ಟೇ ಇದು ಎನ್ನುವುದು ಒಂದು. ಸರ್ಕಾರದ ಖರ್ಚುವೆಚ್ಚಗಳೆಲ್ಲ ಜಾಲತಾಣಗಳಲ್ಲಿ ಸಿಗುವ ಕಾಲದಲ್ಲಿ ಲೆಕ್ಕಿಗರು ಜನರ ಬಳಿಗೆ ಹೋಗಬೇಕಾದ ಅಗತ್ಯವೇ ಉಳಿದಿಲ್ಲ ಎನ್ನುವುದು ಇನ್ನೊಂದು. ಈ ಎರಡೂ ಗ್ರಹಿಕೆಗಳು ಸಂಘದ ಅತ್ಯುತ್ತಮ ಕೆಲಸವನ್ನೇ ಕಾಣದೆ ಹೋಗಿವೆ.

ಆರಂಭದ ಘಟ್ಟವನ್ನು ಸಂಕ್ಷೇಪವಾಗಿ ಹೇಳಬಹುದು. 1921ರ ಆಯವ್ಯಯ ಮತ್ತು ಲೆಕ್ಕಪತ್ರ ಕಾಯ್ದೆಯಿಂದ ಹುಟ್ಟಿದ ಜನರಲ್ ಅಕೌಂಟಿಂಗ್ ಆಫೀಸ್ ಎರಡನೆಯ ಮಹಾಯುದ್ಧದ ಹೊತ್ತಿಗೆ 14,000ಕ್ಕೂ ಹೆಚ್ಚು ಸಿಬ್ಬಂದಿಯ ಕಚೇರಿಯಾಗಿ ಬೆಳೆದಿತ್ತು. ಇಲಾಖೆಗಳು ಕಳಿಸಿದ ವೋಚರುಗಳನ್ನು ಒಂದೊಂದಾಗಿ ತಿರುವಿ ನೋಡುವುದೇ ಅವರಲ್ಲಿ ಬಹುಪಾಲು ಜನರ ಕೆಲಸವಾಗಿತ್ತು. ಯುದ್ಧಕಾಲದ ವೆಚ್ಚದ ಪ್ರಮಾಣದ ಮುಂದೆ ಈ ಪದ್ಧತಿ ಸೋತಿತು. ಲೆಕ್ಕವನ್ನು ಇಲಾಖೆಗಳೇ ಸಮರ್ಪಕವಾಗಿ ಇಡಬೇಕು, ಕೇಂದ್ರ ಕಚೇರಿ ಆ ವ್ಯವಸ್ಥೆಯನ್ನು ಪರಿಶೀಲಿಸಬೇಕು ಎಂಬ ನಿಲುವು, ಸರ್ಕಾರದ ಆಡಳಿತ ಸುಧಾರಣೆಗೆಂದು ರಚನೆಯಾದ ಹೂವರ್ ಆಯೋಗದ ಚರ್ಚೆಗಳ ಬೆನ್ನಿಗೆ ಬಲಗೊಂಡು, 1950ರ ಸೆಪ್ಟೆಂಬರ್‌ನಲ್ಲಿ ಹೊಸ ಕಾಯ್ದೆಯಾಗಿ ಜಾರಿಗೆ ಬಂದಿತು. ಅದೇ ವರ್ಷ ರಾಬರ್ಟ್ ಡಬ್ಲ್ಯೂ. ಕಿಂಗ್ ಅವರ ಮುಂದಾಳತ್ವದಲ್ಲಿ ಒಕ್ಕೂಟ ಸರ್ಕಾರದ ಲೆಕ್ಕಿಗರ ಸಂಘ ಎಂಬ ಹೆಸರಿನಲ್ಲಿ ಎಜಿಎ ಸ್ಥಾಪನೆಯಾಯಿತು. ವೋಚರ್ ತಿರುವುವುದಕ್ಕೆ ಎಚ್ಚರ ಸಾಕು, ಆದರೆ ಲೆಕ್ಕದ ವ್ಯವಸ್ಥೆಯನ್ನೇ ಕಟ್ಟುವುದಕ್ಕೆ ವಿದ್ಯೆ ಬೇಕು. ಆ ವಿದ್ಯೆಯನ್ನು ಕಲಿಸುವ ಪಠ್ಯ ಅಂದಿನ ವಾಣಿಜ್ಯ ಕಾಲೇಜುಗಳಲ್ಲಿ ಬಹುಮಟ್ಟಿಗೆ ಇರಲಿಲ್ಲವಾದ್ದರಿಂದ ಲೆಕ್ಕಿಗರು ಪರಸ್ಪರ ಕಲಿಸಿಕೊಳ್ಳುವ ದಾರಿ ಹಿಡಿದರು. ಸಂಘದ ಪತ್ರಿಕೆ, ಊರೂರಿನ ಘಟಕಗಳು ಮತ್ತು ಮಾಸಿಕ ಉಪನ್ಯಾಸಗಳು ಈ ಅಗತ್ಯದಿಂದಲೇ ರೂಪುಗೊಂಡವು.

ಎಪ್ಪತ್ತರ ದಶಕದಲ್ಲಿ ವೃತ್ತಿಯ ಎಲ್ಲೆ ವಿಸ್ತರಿಸಿತು. 1972ರಲ್ಲಿ, ಜನರಲ್ ಅಕೌಂಟಿಂಗ್ ಆಫೀಸಿನ ಮುಖ್ಯಸ್ಥರಾದ ಕಂಟ್ರೋಲರ್ ಜನರಲ್ ಎಲ್ಮರ್ ಸ್ಟಾಟ್ಸ್ ಅವರ ಅವಧಿಯಲ್ಲಿ ಪ್ರಕಟವಾದ, ಹೊದಿಕೆಯ ಬಣ್ಣದಿಂದಾಗಿ ಹಳದಿ ಪುಸ್ತಕವೆಂದು ಹೆಸರಾದ ಲೆಕ್ಕಪರಿಶೋಧನಾ ಮಾನದಂಡಗಳು, ಹಣ ನಿಯಮದಂತೆ ಖರ್ಚಾಯಿತೇ ಎಂಬ ಪ್ರಶ್ನೆಯ ಜೊತೆಗೆ ಮಿತವ್ಯಯದಿಂದ ಖರ್ಚಾಯಿತೇ, ಉದ್ದೇಶಿಸಿದ ಫಲ ದೊರೆಯಿತೇ ಎಂಬ ಪ್ರಶ್ನೆಗಳನ್ನೂ ಪರಿಶೋಧಕರ ಮುಂದಿಟ್ಟವು. 1975ರಲ್ಲಿ ನ್ಯೂಯಾರ್ಕ್ ನಗರ ದಿವಾಳಿಯ ಅಂಚಿಗೆ ಬಂದು ನಿಂತಾಗ, ದಿನನಿತ್ಯದ ವೆಚ್ಚಗಳನ್ನು ಬಂಡವಾಳ ವೆಚ್ಚವೆಂದು ತೋರಿಸಿ ಸಾಲದ ಮೇಲೆ ಸಾಲ ಮಾಡಿದ ಅಲ್ಲಿನ ಲೆಕ್ಕದ ರೀತಿ ಇಡೀ ದೇಶಕ್ಕೆ ಬಯಲಾಯಿತು. ರಾಜ್ಯ ಮತ್ತು ಸ್ಥಳೀಯ ಸರ್ಕಾರಗಳ ಲೆಕ್ಕಿಗರನ್ನೂ ಒಳಗೊಳ್ಳುವಂತೆ ಸಂಘ ತನ್ನ ಹೆಸರಿನಿಂದ ಒಕ್ಕೂಟ ಎಂಬ ವಿಶೇಷಣವನ್ನು ಕೈಬಿಟ್ಟದ್ದೂ ಅದೇ ವರ್ಷ. ಸ್ಥಳೀಯ ಸರ್ಕಾರಗಳ ಲೆಕ್ಕಪತ್ರ ಮಾನದಂಡಗಳನ್ನು ರೂಪಿಸುವ ಮಂಡಳಿ, ಅಂದರೆ ಜಿಎಎಸ್‌ಬಿ, 1984ರಲ್ಲಿ ಬಂದಿತು. 1988ರಲ್ಲಿ ಪರಿಷ್ಕೃತವಾದ ಹಳದಿ ಪುಸ್ತಕವು ಪರಿಶೋಧಕರು ಎರಡು ವರ್ಷಗಳಿಗೊಮ್ಮೆ 80 ಗಂಟೆಗಳ ನಿರಂತರ ವೃತ್ತಿ ಶಿಕ್ಷಣ ಪಡೆಯಬೇಕೆಂದೂ ಅದರಲ್ಲಿ 24 ಗಂಟೆಗಳು ಸರ್ಕಾರಿ ವಿಷಯಗಳಿಗೆ ಮೀಸಲಾಗಿರಬೇಕೆಂದೂ ವಿಧಿಸಿತು. ದುಬಾರಿ ಸಮ್ಮೇಳನಗಳಿಗೆ ಸಿಬ್ಬಂದಿಯನ್ನು ಕಳಿಸಲಾರದ ಸಣ್ಣ ಕಚೇರಿಗಳಿಗೆ, ತಮ್ಮ ಊರಿನ ಘಟಕವೇ ಕಡಿಮೆ ಶುಲ್ಕದಲ್ಲಿ ನಡೆಸುವ ತರಬೇತಿಯೇ ಅಂದಿನಿಂದ ಆಸರೆಯಾಯಿತು.

ಸಂಘದ ಚರಿತ್ರೆಯಲ್ಲಿ ಹೆಚ್ಚು ಫಲವತ್ತಾದ ಕಾಲವೆಂದರೆ 1990ರಿಂದ ಮುಂದಿನ ಎರಡು ದಶಕಗಳು. ಅವುಗಳಿಗೆ ದೊರೆಯಬೇಕಾದಷ್ಟು ಗಮನ ದೊರೆತಿಲ್ಲ. 1990ರ ಮುಖ್ಯ ಹಣಕಾಸು ಅಧಿಕಾರಿಗಳ ಕಾಯ್ದೆಯು ಒಕ್ಕೂಟ ಸರ್ಕಾರದ ದೊಡ್ಡ ಇಲಾಖೆಗಳಲ್ಲಿ ಹಣಕಾಸಿನ ಹೊಣೆ ಹೊರುವ ಉನ್ನತಾಧಿಕಾರಿಯ ಹುದ್ದೆಯನ್ನು ಸೃಷ್ಟಿಸಿತು. ಪರಿಶೋಧನೆಗೊಳಗಾದ ಹಣಕಾಸು ತಖ್ತೆಗಳನ್ನು, ಅಂದರೆ ಆಸ್ತಿ, ಹೊಣೆ, ಆದಾಯ, ವೆಚ್ಚಗಳ ವಾರ್ಷಿಕ ಪಟ್ಟಿಗಳನ್ನು, ಸಲ್ಲಿಸುವ ಪದ್ಧತಿಗೂ ಅದು ನಾಂದಿ ಹಾಡಿತು. 1994ರ ಇನ್ನೊಂದು ಕಾಯ್ದೆ ಅದನ್ನು ಆ ಇಲಾಖೆಗಳಿಗೆಲ್ಲ ಪೂರ್ಣವಾಗಿ ವಿಸ್ತರಿಸಿತು. ಅಲ್ಲಿಯವರೆಗೆ ಅನುದಾನ ಎಷ್ಟು ಬಂತು, ಎಷ್ಟು ತೀರಿತು ಎಂಬ ಲೆಕ್ಕವಷ್ಟೇ ಬಲ್ಲ ಸಾವಿರಾರು ನೌಕರರು ಸಂಚಿತ ಪದ್ಧತಿಯನ್ನು, ಅಂದರೆ ನಗದು ಕೈಬದಲಾದ ದಿನಕ್ಕೆ ಬದಲಾಗಿ ಹೊಣೆ ಹುಟ್ಟಿದ ದಿನದಂದೇ ಲೆಕ್ಕ ಬರೆಯುವ ರೀತಿಯನ್ನು, ನಡುವಯಸ್ಸಿನಲ್ಲಿ ಕಲಿಯಬೇಕಾಯಿತು.

ಸಂಘವು 1994ರಲ್ಲಿ ಆರಂಭಿಸಿದ ಸಿಜಿಎಫ್‌ಎಂ, ಅಂದರೆ ಪ್ರಮಾಣಿತ ಸರ್ಕಾರಿ ಹಣಕಾಸು ವ್ಯವಸ್ಥಾಪಕ ಎಂಬ ಅರ್ಹತೆ, ಈ ಹಿನ್ನೆಲೆಯಲ್ಲಿ ಬಂದದ್ದು. ಮೊದಲ ವರ್ಷಗಳಲ್ಲಿ ಅನುಭವದ ಆಧಾರದ ಮೇಲೆ ನೀಡಲಾದ ಈ ಅರ್ಹತೆಗೆ ಬಳಿಕ ಮೂರು ಪರೀಕ್ಷೆಗಳು ಕಡ್ಡಾಯವಾದವು: ಸರ್ಕಾರದ ರಚನೆ ಮತ್ತು ಪರಿಸರ, ಲೆಕ್ಕಪತ್ರ, ವರದಿ ಮತ್ತು ಆಯವ್ಯಯ, ಹಣಕಾಸು ನಿರ್ವಹಣೆ ಮತ್ತು ನಿಯಂತ್ರಣ. ಪದವಿ, ಎರಡು ವರ್ಷಗಳ ಸರ್ಕಾರಿ ಹಣಕಾಸು ಅನುಭವ ಮತ್ತು ನೀತಿಸಂಹಿತೆಗೆ ಬದ್ಧತೆಯ ಜೊತೆಗೆ, ಅರ್ಹತೆ ಪಡೆದ ಮೇಲೂ ಎರಡು ವರ್ಷಗಳಿಗೊಮ್ಮೆ 80 ಗಂಟೆಗಳ ಕಲಿಕೆ ಮುಂದುವರಿಯಬೇಕು. ಖಾಸಗಿ ವಲಯದ ಲೆಕ್ಕಪರಿಶೋಧಕರ ಅರ್ಹತೆಯಾದ ಸಿಪಿಎಗಿಂತ ಇದು ಕಡಿಮೆಯದೆಂದು ಹೇಳುವ ರೂಢಿ ಇನ್ನೂ ಇದೆ. ಅನುದಾನದ ನಿರ್ಬಂಧ, ನಿಧಿಗಳ ಪ್ರತ್ಯೇಕತೆ ಮತ್ತು ಶಾಸಕಾಂಗಕ್ಕೆ ಉತ್ತರದಾಯಿತ್ವ ಎಂಬ, ಲಾಭಕ್ಕಾಗಿ ನಡೆಯುವ ವ್ಯವಹಾರದಲ್ಲಿ ಕಾಣಸಿಗದ ಸಂಗತಿಗಳನ್ನೇ ಕೇಂದ್ರದಲ್ಲಿ ಇಟ್ಟುಕೊಂಡ ಪರೀಕ್ಷೆಯನ್ನು ಆ ಅಳತೆಗೋಲಿನಿಂದ ಅಳೆಯುವುದು ಸರಿಯಲ್ಲ.

ವೈಯಕ್ತಿಕ ಕಲಿಕೆಯಿಂದ ಸಂಸ್ಥೆಗಳ ಕಲಿಕೆಗೆ ಸಂಘ ಹೊರಳಿದ್ದು 1997ರಲ್ಲಿ. ಆ ವರ್ಷ ಆರಂಭವಾದ ಸಿಇಎಆರ್, ಅಂದರೆ ಉತ್ತರದಾಯಿತ್ವ ವರದಿಯ ಶ್ರೇಷ್ಠತಾ ಪ್ರಮಾಣಪತ್ರ ಎಂಬ ಯೋಜನೆಯಲ್ಲಿ ಒಕ್ಕೂಟ ಸರ್ಕಾರದ ಸಂಸ್ಥೆಗಳು ತಮ್ಮ ವಾರ್ಷಿಕ ಉತ್ತರದಾಯಿತ್ವ ವರದಿಗಳನ್ನು ಸಂಘದ ಪರಿಶೀಲನೆಗೆ ಸಲ್ಲಿಸುತ್ತವೆ. ಅನುಭವಿ ಲೆಕ್ಕಿಗರು ಅವನ್ನು ಓದಿ, ಸುಧಾರಣೆಗೆ ಸಲಹೆಗಳನ್ನು ಬರೆದುಕೊಡುತ್ತಾರೆ. ಇನ್ನೊಂದು ಸಂಸ್ಥೆಯ ವರದಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿ ತೂಗಿದ ಲೆಕ್ಕಿಗ ತನ್ನ ಸಂಸ್ಥೆಯ ವರದಿಯನ್ನು ಮುಂಚಿನಂತೆ ಬರೆಯಲಾರ. ಯಾವ ತರಗತಿಯೂ ನೀಡಲಾರದ ಶಿಕ್ಷಣವಿದು. 1999ರಲ್ಲಿ ಜಿಎಎಸ್‌ಬಿಯ 34ನೆಯ ಮಾನದಂಡ ಸ್ಥಳೀಯ ಸರ್ಕಾರಗಳ ವರದಿಯ ಆರಂಭದಲ್ಲಿಯೇ ಆಡಳಿತದ ವಿವರಣೆ, ವಿಶ್ಲೇಷಣೆ ಇರಬೇಕೆಂದಾಗ, ಅಂಕಿಗಳನ್ನು ಮಾತಿನಲ್ಲಿ ತಿಳಿಸುವ ಹೊಣೆ ಊರಿನ ಪುರಸಭೆಯ ಲೆಕ್ಕಿಗನ ಮೇಜಿಗೂ ಬಂದಿತು.

ಕಲಿಕೆಯೂ ಸೇವೆಯೂ ಒಂದೇ ಕೆಲಸದಲ್ಲಿ ಕೂಡಿದ್ದು ಇದರ ಮುಂದಿನ ಹೆಜ್ಜೆಯಲ್ಲಿ. ರೆಲ್ಮಂಡ್ ವಾನ್ ಡ್ಯಾನಿಕರ್ ಕಾರ್ಯನಿರ್ವಾಹಕ ನಿರ್ದೇಶಕರಾಗಿದ್ದ ವರ್ಷಗಳಲ್ಲಿ ಸಂಘ ಮುಂದಿಟ್ಟ ನಾಗರಿಕ ಕೇಂದ್ರಿತ ವರದಿ ಎಂಬ ಕಲ್ಪನೆ ಅತ್ಯಂತ ಸರಳವಾದದ್ದು. ಸರ್ಕಾರದ ವಾರ್ಷಿಕ ಲೆಕ್ಕ ನಾಲ್ಕೇ ಪುಟಗಳಲ್ಲಿ ಇರಬೇಕು. ಮೊದಲ ಪುಟದಲ್ಲಿ ಊರಿನ ಮತ್ತು ಆಡಳಿತದ ಪರಿಚಯ, ಎರಡನೆಯದರಲ್ಲಿ ಮಾಡಿದ ಕೆಲಸ, ಮೂರನೆಯದರಲ್ಲಿ ಹಣ ಬಂದ ಬಗೆ ಮತ್ತು ಹೋದ ಬಗೆ, ನಾಲ್ಕನೆಯದರಲ್ಲಿ ಮುಂದಿರುವ ಸವಾಲುಗಳು. ನೂರಾರು ಪುಟಗಳ ವಾರ್ಷಿಕ ವರದಿಯನ್ನು ನಾಲ್ಕಕ್ಕೆ ಇಳಿಸುವಾಗ ಏನನ್ನು ಉಳಿಸಬೇಕು ಎಂದು ನಿರ್ಧರಿಸುವುದು ವೃತ್ತಿಜ್ಞಾನದ ಅತಿ ಕಠಿಣ ಪರೀಕ್ಷೆ. ತನ್ನ ಲೆಕ್ಕವನ್ನು ಪೂರ್ತಿ ಅರಿಯದವನು ಅದನ್ನು ಸಂಕ್ಷೇಪಿಸಲಾರ. ಪೆಸಿಫಿಕ್ ಸಾಗರದ ಗುವಾಮ್ ದ್ವೀಪದಲ್ಲಿ, ಡೋರಿಸ್ ಫ್ಲೋರೆಸ್ ಬ್ರೂಕ್ಸ್ ಸಾರ್ವಜನಿಕ ಲೆಕ್ಕಪರಿಶೋಧಕರಾಗಿದ್ದ ಕಾಲದಲ್ಲಿ, ಸರ್ಕಾರಿ ಸಂಸ್ಥೆಗಳು ಇಂತಹ ವರದಿ ಪ್ರಕಟಿಸುವುದನ್ನು ಶಾಸನವೇ ಕಡ್ಡಾಯ ಮಾಡಿತು. ದೊಡ್ಡ ರಾಜ್ಯಗಳು ಹಿಂದುಮುಂದು ನೋಡುತ್ತಿರುವಾಗ ಪುಟ್ಟ ದ್ವೀಪವೊಂದು ತೋರಿದ ಈ ಧೈರ್ಯ ಸಂಘದ ಚರಿತ್ರೆಯಲ್ಲಿ ದೊಡ್ಡ ಅಕ್ಷರಗಳಲ್ಲಿ ದಾಖಲಾಗಬೇಕಾದದ್ದು.

ಸಮುದಾಯ ಸೇವೆಯೆಂಬ ಹೆಸರಿನಲ್ಲಿ ಘಟಕಗಳು ನಡೆಸುವ ಕೆಲಸಗಳ ಹರವು ದೊಡ್ಡದು. ಆಹಾರ ಸಂಗ್ರಹ, ಶಾಲಾ ಮಕ್ಕಳಿಗೆ ಪುಸ್ತಕ ಚೀಲ, ವಿದ್ಯಾರ್ಥಿವೇತನ, ಕಡಿಮೆ ಆದಾಯದವರಿಗೆ ತೆರಿಗೆ ವಿವರ ಸಲ್ಲಿಸಲು ನೆರವು ಇವೆಲ್ಲ ಅದರಲ್ಲಿವೆ. ಘಟಕಗಳ ವಾರ್ಷಿಕ ಮೌಲ್ಯಮಾಪನದಲ್ಲಿ ಶಿಕ್ಷಣ, ಸದಸ್ಯತ್ವ, ಸಂವಹನಗಳಂತೆ ಸೇವೆಗೂ ಅಂಕಗಳಿವೆ. ಅಂಕಪದ್ಧತಿ ಸೇವೆಯನ್ನು ಮರೆಯದಂತೆ ಮಾಡಿತು ಎಂಬುದು ನಿಜ. ಹಾಗೆಯೇ ಕಲಿಕೆಯದೊಂದು ಕಲಂ, ಸೇವೆಯದೊಂದು ಕಲಂ ಎಂದು ಬೇರ್ಪಡಿಸಿ, ಎರಡೂ ಒಂದನ್ನೊಂದು ಕಾಣದಂತೆ ಮಾಡಿದ್ದೂ ಅದೇ. ಹಸಿದವರಿಗೆ ಅನ್ನ ತಲುಪಿಸುವ ಕೆಲಸ ಯಾವ ಸಂಘಕ್ಕೂ ಗೌರವ ತರುವಂಥದ್ದು, ಅದನ್ನು ಕಡೆಗಣಿಸುವ ಮಾತೇ ಇಲ್ಲ. ಆದರೆ ಅದನ್ನು ವೈದ್ಯರೂ ಮಾಡಬಲ್ಲರು, ವ್ಯಾಪಾರಿಗಳೂ ಮಾಡಬಲ್ಲರು. ಸರ್ಕಾರದ ತಖ್ತೆಯನ್ನು ತೆರಿಗೆದಾರನ ಮುಂದೆ ಹರವಿ ಅವನ ಪ್ರಶ್ನೆಗೆ ಉತ್ತರಿಸುವ ಸೇವೆಯನ್ನು ಸರ್ಕಾರಿ ಲೆಕ್ಕಿಗ ಮಾಡದಿದ್ದರೆ ಮಾಡುವವರು ಬೇರೆ ಯಾರೂ ಇಲ್ಲ.

ಸಂಘದ ಕಲಿಕೆ ಮತ್ತು ಸೇವೆ ತಲುಪದ ಕಡೆಗಳ ಪಟ್ಟಿಯಲ್ಲಿ ಮೊದಲು ಬರುವುದು ಸಣ್ಣ ಊರು. ಇಲಿನಾಯ್ ರಾಜ್ಯದ ಡಿಕ್ಸನ್, ಸುಮಾರು 16 ಸಾವಿರ ಜನರ ಪಟ್ಟಣ; ಅಲ್ಲಿನ ಹಣಕಾಸು ಅಧಿಕಾರಿ 1990ರಿಂದ 2012ರವರೆಗೆ 5.3 ಕೋಟಿ ಡಾಲರಿಗೂ ಹೆಚ್ಚು ಹಣವನ್ನು ಗುಟ್ಟಾದ ಬ್ಯಾಂಕ್ ಖಾತೆಯೊಂದರ ಮೂಲಕ ಲಪಟಾಯಿಸಿದ್ದು ಬೆಳಕಿಗೆ ಬಂದದ್ದು, ಆಕೆ ರಜೆಯಲ್ಲಿದ್ದಾಗ ಸಹೋದ್ಯೋಗಿಯೊಬ್ಬರು ಬ್ಯಾಂಕ್ ವಿವರಗಳನ್ನು ತರಿಸಿ ನೋಡಿದ್ದರಿಂದ. ವರ್ಷವರ್ಷವೂ ನಡೆದ ಲೆಕ್ಕಪರಿಶೋಧನೆ ಅದನ್ನು ಹಿಡಿಯಲಿಲ್ಲ. ಹಣ ಪಡೆಯುವುದು, ಬರೆಯುವುದು, ತಾಳೆ ನೋಡುವುದು ಈ ಮೂರು ಕೆಲಸಗಳು ಒಬ್ಬರ ಕೈಯಲ್ಲಿ ಇರಬಾರದೆಂಬ, ಎಲ್ಲ ತರಬೇತಿಗಳ ಮೊದಲ ಪಾಠ, ಸಾಕಷ್ಟು ಸಿಬ್ಬಂದಿಯಿಲ್ಲದ ಊರಿನ ಬಾಗಿಲಿಗೆ ತಲುಪಿರಲಿಲ್ಲ. ಸಂಘದ ಘಟಕಗಳು ಬಲವಾಗಿರುವುದು ವಾಷಿಂಗ್ಟನ್ನಿನಲ್ಲಿ ಮತ್ತು ರಾಜ್ಯಗಳ ರಾಜಧಾನಿಗಳಲ್ಲಿ. ಕಲಿಕೆಯ ಅಗತ್ಯ ಹೆಚ್ಚಿರುವುದು ಅವುಗಳಾಚೆ. ಇನ್ನು ಒಕ್ಕೂಟ ಸರ್ಕಾರದ ಮಟ್ಟದಲ್ಲಿ, 1997ರ ಹಣಕಾಸು ವರ್ಷದಿಂದ ಸಿದ್ಧವಾಗುತ್ತ ಬಂದಿರುವ ಇಡೀ ಸರ್ಕಾರದ ಕ್ರೋಡೀಕೃತ ತಖ್ತೆಯ ಮೇಲೆ ಪರಿಶೋಧಕರಿಗೆ ಇದುವರೆಗೂ ಅಭಿಪ್ರಾಯ ನೀಡಲಾಗಿಲ್ಲ. ರಕ್ಷಣಾ ಇಲಾಖೆಯ ಮೊದಲ ಪೂರ್ಣ ಪರಿಶೋಧನೆ ನಡೆದದ್ದೇ 2018ರಲ್ಲಿ. ಎಷ್ಟು ಗಂಟೆ ತರಬೇತಿ ನಡೆಯಿತು ಎಂಬುದಕ್ಕೆ ಲೆಕ್ಕವಿದೆ, ಆ ಗಂಟೆಗಳಿಂದ ಯಾವ ಕಚೇರಿಯ ಯಾವ ದೋಷ ತಿದ್ದಿಕೊಂಡಿತು ಎಂಬುದಕ್ಕೆ ಲೆಕ್ಕವಿಟ್ಟವರಿಲ್ಲ.

2014ರ ಡೇಟಾ ಕಾಯ್ದೆಯ ನಂತರ ಒಕ್ಕೂಟ ಸರ್ಕಾರದ ವೆಚ್ಚವೆಲ್ಲ ಏಕರೂಪದ ಮಾಹಿತಿಯಾಗಿ ಜಾಲತಾಣದಲ್ಲಿ ಲಭ್ಯವಾಗುತ್ತ ಬಂದಿರುವುದನ್ನು ತೋರಿಸಿ, ನಾಲ್ಕು ಪುಟದ ವರದಿಯ ಕಾಲ ಮುಗಿಯಿತೆನ್ನುವವರಿದ್ದಾರೆ. ಕಣಜದ ಬೀಗ ತೆಗೆದಿಟ್ಟರೆ ಊಟ ಬಡಿಸಿದಂತಾಗುವುದಿಲ್ಲ. ಲಕ್ಷಾಂತರ ಸಾಲುಗಳ ಮಾಹಿತಿಯನ್ನು ಇಳಿಸಿಕೊಂಡು ಜೋಡಿಸಬಲ್ಲವರು ಪತ್ರಕರ್ತರು, ಸಂಶೋಧಕರು ಮತ್ತು ಗುತ್ತಿಗೆ ಕಂಪನಿಗಳು. ತನ್ನ ಬೀದಿಯ ಚರಂಡಿಗೆ ಎಷ್ಟು ಖರ್ಚಾಯಿತೆಂದು ಕೇಳುವ ಮನುಷ್ಯನಿಗೆ ಉತ್ತರ ಹೇಳುವ ಬಾಯಿ ಬೇಕು.

ಕರ್ನಾಟಕದಲ್ಲಿ ಈ ಚರಿತ್ರೆಗೆ ಹೋಲಿಸಬಹುದಾದ ಸಾಮಗ್ರಿ ಇಲ್ಲದಿಲ್ಲ. ಶಾನುಭೋಗರ ಕಡತದಿಂದ ಹಿಡಿದು ಗಣಕೀಕೃತ ಖಜಾನೆಯವರೆಗಿನ ಲೆಕ್ಕದ ಪರಂಪರೆ ಈ ನಾಡಿನದು. 2002ರಲ್ಲಿ ಬೆಂಗಳೂರಿನ ಜನಾಗ್ರಹ ಮತ್ತಿತರ ಸಂಸ್ಥೆಗಳು ಪ್ರೂಫ್ ಎಂಬ ಅಭಿಯಾನದ ಮೂಲಕ ಮಹಾನಗರಪಾಲಿಕೆಯ ತ್ರೈಮಾಸಿಕ ಲೆಕ್ಕವನ್ನು ನಾಗರಿಕರ ಮುಂದಿಟ್ಟು ಚರ್ಚಿಸಿದವು. ಅದರ ನೇತೃತ್ವ ನಾಗರಿಕ ಸಂಸ್ಥೆಗಳದಾಗಿತ್ತು, ಲೆಕ್ಕಿಗರ ಸಂಘದ್ದಲ್ಲ. ಲೋಕಸೇವಾ ಆಯೋಗದ ಇಲಾಖಾ ಪರೀಕ್ಷೆಗಳಲ್ಲಿ ಅಕೌಂಟ್ಸ್ ಹೈಯರ್ ಪತ್ರಿಕೆಯಲ್ಲಿ ಒಮ್ಮೆ ತೇರ್ಗಡೆಯಾದ ನೌಕರನಿಗೆ ನಿವೃತ್ತಿಯವರೆಗೆ ಎರಡು ವರ್ಷಗಳಿಗೊಮ್ಮೆ 80 ಗಂಟೆ ಕಲಿಯಬೇಕೆಂಬ ಕಟ್ಟಳೆಯೇನೂ ಇಲ್ಲ. ಹಾಗಿದ್ದರೂ, ಗ್ರಾಮ ಪಂಚಾಯಿತಿಯ ಲೆಕ್ಕ ಮತ್ತು ಕಾಮಗಾರಿಗಳನ್ನು ಊರವರ ಎದುರಿನಲ್ಲಿಯೇ ಪರಿಶೀಲಿಸುವ ಜಮಾಬಂದಿ ವರ್ಷಕ್ಕೊಮ್ಮೆ ನಡೆಯಬೇಕೆಂಬ ನಿಯಮ ಇಲ್ಲಿದೆ; ಗುವಾಮ್ ಕಾನೂನು ಮಾಡಿ ಪಡೆದುಕೊಂಡ ಅವಕಾಶಕ್ಕೆ ಇದು ಬಹಳ ಹತ್ತಿರದ್ದು. ಲೆಕ್ಕಪತ್ರ ಮತ್ತು ಲೆಕ್ಕಪರಿಶೋಧನೆಯ ಸೇವೆಯಲ್ಲಿರುವವರ, ನಿವೃತ್ತರ ಸಂಘಗಳು ಮುಂದಿನ ಜಮಾಬಂದಿಗೆ ತಾಲ್ಲೂಕಿಗೆ ಒಂದೊಂದು ಪಂಚಾಯಿತಿಯನ್ನಾದರೂ ಆರಿಸಿಕೊಂಡು, ಅದರ ವರ್ಷದ ಲೆಕ್ಕವನ್ನು ಕನ್ನಡದಲ್ಲಿ ನಾಲ್ಕು ಪುಟಗಳಿಗೆ ಇಳಿಸಿ, ಸಭೆಗೆ ಬಂದವರ ಕೈಗೆ ಕೊಟ್ಟು, ಓದಿ ವಿವರಿಸಲಿ.