ಗ್ರಾಮೀಣ ಶಾಲಾ ನವೀಕರಣ ಶಿಬಿರ

ಗ್ರಾಮೀಣ ಶಾಲಾ ನವೀಕರಣ ಶಿಬಿರ ಎಂದರೆ ಯುವ ಸ್ವಯಂಸೇವಕರು ಒಂದು ಹಳ್ಳಿಯಲ್ಲಿ ಕೆಲವು ದಿನ ಅಥವಾ ಕೆಲವು ವಾರ ತಂಗಿ, ಅಲ್ಲಿನ ಶಾಲೆಯ ಕಟ್ಟಡ, ಆವರಣ, ಕುಡಿಯುವ ನೀರು ಹಾಗೂ ಶೌಚಾಲಯ ವ್ಯವಸ್ಥೆಯನ್ನು ಊರವರೊಂದಿಗೆ ಸೇರಿ ಶ್ರಮದಾನದಿಂದ ದುರಸ್ತಿಗೊಳಿಸುವ ಕಾರ್ಯಕ್ರಮ. ವಿದೇಶಿ ಯುವಕ ಯುವತಿಯರು ದೂರದ ನಾಡಿಗೆ ಬಂದು ನಡೆಸುವ ಸಾಹಸಯಾತ್ರೆಯ ರೂಪದ ಶಿಬಿರಗಳೂ, ಸ್ಥಳೀಯ ಕಾಲೇಜುಗಳ ವಿದ್ಯಾರ್ಥಿಗಳು ರಾಷ್ಟ್ರೀಯ ಸೇವಾ ಯೋಜನೆಯ (ಎನ್‌ಎಸ್‌ಎಸ್) ಅಡಿಯಲ್ಲಿ ನಡೆಸುವ ಶಿಬಿರಗಳೂ ಈ ಪ್ರಕಾರಕ್ಕೆ ಸೇರುತ್ತವೆ. ಕರ್ನಾಟಕದಲ್ಲಿ ಎರಡೂ ಬಗೆಯ ಶಿಬಿರಗಳು ನಡೆದಿವೆ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿ ಭಾಗದ ಸರ್ಕಾರಿ ಶಾಲೆಗಳ ಮಟ್ಟಿಗೆ ಎರಡನೆಯ ಬಗೆಯೇ ಹೆಚ್ಚು ಪರಿಚಿತವಾದುದು.

ಇತಿಹಾಸ

ಅಂತರರಾಷ್ಟ್ರೀಯ ಹಿನ್ನೆಲೆ

ಶ್ರಮಶಿಬಿರದ ಆಧುನಿಕ ಕಲ್ಪನೆ ಮೊದಲನೆಯ ಮಹಾಯುದ್ಧದ ನಂತರದ್ದು. ಸ್ವಿಟ್ಜರ್‌ಲೆಂಡಿನ ಶಾಂತಿವಾದಿ ಪಿಯರೆ ಸೆರೆಸೋಲ್ ಅವರು 1920ರಲ್ಲಿ ಫ್ರಾನ್ಸಿನ ವರ್ಡನ್ ಸಮೀಪದ ಎಸ್ನ್ ಎಂಬ ಹಳ್ಳಿಯಲ್ಲಿ ಮೊದಲ ಶಿಬಿರ ನಡೆಸಿದರು. ಯುದ್ಧದಲ್ಲಿ ನೆಲಸಮವಾಗಿದ್ದ ಊರನ್ನು, ಪರಸ್ಪರ ಶತ್ರುಗಳಾಗಿದ್ದ ದೇಶಗಳ ಜನರೇ ಕೂಡಿ ಮರಳಿ ಕಟ್ಟಬೇಕೆಂಬುದು ಅದರ ಆಶಯವಾಗಿತ್ತು. ಈ ಪ್ರಯತ್ನದಿಂದ ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆ ಬೆಳೆಯಿತು. 1934ರ ಜನವರಿ 15ರಂದು ಬಿಹಾರದಲ್ಲಿ ಸಂಭವಿಸಿದ ಭೂಕಂಪದ ಬಳಿಕ ಸೆರೆಸೋಲ್ ಅವರು ಭಾರತಕ್ಕೆ ಬಂದು, ಸಂಗಡಿಗರೊಂದಿಗೆ ಗ್ರಾಮಗಳ ಪುನರ್‌ನಿರ್ಮಾಣದಲ್ಲಿ ತೊಡಗಿದರು.

ಎರಡನೆಯ ಮಹಾಯುದ್ಧದ ನಂತರ ಯುವಜನರನ್ನು ಹೊರದೇಶಗಳಿಗೆ ಕಳುಹಿಸುವ ಸಂಸ್ಥೆಗಳು ಹೆಚ್ಚಿದವು. ಬ್ರಿಟನ್ನಿನಲ್ಲಿ 1958ರಲ್ಲಿ ವಿಎಸ್‌ಒ, ಅಮೆರಿಕದಲ್ಲಿ 1961ರಲ್ಲಿ ಪೀಸ್ ಕೋರ್ ಆರಂಭವಾದವು. ಪೀಸ್ ಕೋರ್‌ನ ಸ್ವಯಂಸೇವಕರು 1961ರಿಂದ 1976ರವರೆಗೆ ಭಾರತದಲ್ಲಿ ಕೆಲಸ ಮಾಡಿದರು. ಸಾಹಸಯಾತ್ರೆ ಮತ್ತು ಸಮಾಜಸೇವೆಗಳನ್ನು ಒಟ್ಟುಗೂಡಿಸಿದ ಮಾದರಿ ಬ್ರಿಟನ್ನಿನ 'ಆಪರೇಷನ್ ಡ್ರೇಕ್' (1978–80) ಮತ್ತು 1984ರಲ್ಲಿ ಆರಂಭವಾದ 'ಆಪರೇಷನ್ ರ‍್ಯಾಲಿ'ಗಳಿಂದ ಪ್ರಸಿದ್ಧವಾಯಿತು. ಸೈನ್ಯಾಧಿಕಾರಿ ಜಾನ್ ಬ್ಲ್ಯಾಷ್‌ಫರ್ಡ್-ಸ್ನೆಲ್ ಇದರ ರೂವಾರಿ. ಮುಂದೆ ರ‍್ಯಾಲಿ ಇಂಟರ್‌ನ್ಯಾಷನಲ್ ಎಂಬ ಹೆಸರು ಪಡೆದ ಈ ಸಂಸ್ಥೆ ಮೈಸೂರನ್ನು ನೆಲೆಯಾಗಿಸಿಕೊಂಡು ಕೆಲವು ವರ್ಷ ದಕ್ಷಿಣ ಭಾರತದ ಹಳ್ಳಿಗಳಲ್ಲಿ, ಸ್ಥಳೀಯ ಸ್ವಯಂಸೇವಾ ಸಂಸ್ಥೆಗಳ ಸಹಯೋಗದಿಂದ ಕೆಲಸ ಮಾಡಿತು. ಬ್ರಿಟನ್ನಿನಲ್ಲಿದ್ದ ಅದರ ಮೂಲ ಸಂಸ್ಥೆ 2022ರಲ್ಲಿ ಮುಚ್ಚಿತು.

ಭಾರತ ಮತ್ತು ಕರ್ನಾಟಕ

ಊರಿನ ಕೆಲಸಕ್ಕೆ ಮನೆಗೊಬ್ಬ ಆಳು ಬರುವ ಪದ್ಧತಿ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಕೆರೆಯ ಹೂಳೆತ್ತುವುದು, ಗುಡಿಗೆ ಸುಣ್ಣ ಬಳಿಯುವುದು, ಬಾವಿ ತೋಡುವುದು ಈ ಬಗೆಯಲ್ಲಿ ನಡೆಯುತ್ತಿದ್ದವು. ಸ್ವಾತಂತ್ರ್ಯಾನಂತರ 'ಶ್ರಮದಾನ' ಎಂಬ ಪದ ಸರ್ವೋದಯ ಚಳವಳಿಯಿಂದಲೂ, 1952ರಲ್ಲಿ ಆರಂಭವಾದ ಸಮುದಾಯ ಅಭಿವೃದ್ಧಿ ಯೋಜನೆ ಹಾಗೂ ಭಾರತ ಸೇವಕ ಸಮಾಜಗಳಿಂದಲೂ ಮನೆಮಾತಾಯಿತು.

ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು ರಾಷ್ಟ್ರೀಯ ಸೇವಾ ಯೋಜನೆಯು 37 ವಿಶ್ವವಿದ್ಯಾಲಯಗಳಲ್ಲಿ, ಸುಮಾರು 40,000 ವಿದ್ಯಾರ್ಥಿಗಳೊಂದಿಗೆ ಆರಂಭವಾಯಿತು. ಅದನ್ನು ಉದ್ಘಾಟಿಸಿದ ಅಂದಿನ ಕೇಂದ್ರ ಶಿಕ್ಷಣ ಸಚಿವ ಡಾ. ವಿ.ಕೆ.ಆರ್.ವಿ. ರಾವ್ ಅವರು ಬಳ್ಳಾರಿ ಕ್ಷೇತ್ರದ ಲೋಕಸಭಾ ಸದಸ್ಯರಾಗಿದ್ದರು. 'ನನಗಲ್ಲ, ನಿನಗೆ' ಎಂಬುದು ಯೋಜನೆಯ ಧ್ಯೇಯವಾಕ್ಯ. ಸ್ವಯಂಸೇವಕನು ಎರಡು ವರ್ಷಗಳಲ್ಲಿ 240 ಗಂಟೆಗಳ ನಿಯಮಿತ ಸೇವೆ ಸಲ್ಲಿಸಬೇಕು. ಜೊತೆಗೆ ದತ್ತು ಗ್ರಾಮವೊಂದರಲ್ಲಿ ಏಳು ದಿನಗಳ ವಿಶೇಷ ಶಿಬಿರದಲ್ಲಿ ಭಾಗವಹಿಸಬೇಕು. ಇಂತಹ ಶಿಬಿರಗಳು ಬಹುಮಟ್ಟಿಗೆ ಊರಿನ ಸರ್ಕಾರಿ ಶಾಲೆಯಲ್ಲಿಯೇ ತಂಗುವುದರಿಂದ ಶಾಲೆಯ ಆವರಣವೇ ಶ್ರಮದಾನದ ಮೊದಲ ಸ್ಥಳವಾಗುತ್ತದೆ. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಈ ಭಾಗದ ಕಾಲೇಜುಗಳ ಎನ್‌ಎಸ್‌ಎಸ್ ಘಟಕಗಳು ಅದರ ವ್ಯಾಪ್ತಿಗೆ ಬಂದವು.

ಯುವ ಶಿಬಿರಗಳ ಪರಂಪರೆಯಲ್ಲಿ ಬೆಂಗಳೂರಿನಲ್ಲಿ ಜನಿಸಿದ ಗಾಂಧಿವಾದಿ ಡಾ. ಎಸ್.ಎನ್. ಸುಬ್ಬರಾವ್ (1929–2021) ಅವರ ಹೆಸರು ಮುಖ್ಯವಾದುದು. ರಾಷ್ಟ್ರೀಯ ಯುವ ಯೋಜನೆಯ ಮೂಲಕ ಅವರು ದೇಶದ ನಾನಾ ಕಡೆ ಶಿಬಿರಗಳನ್ನು ನಡೆಸಿ, ಬೇರೆ ಬೇರೆ ಭಾಷೆಗಳ ಯುವಜನರನ್ನು ಒಂದೇ ಕೆಲಸದಲ್ಲಿ ತೊಡಗಿಸಿದರು.

ಕಲಬುರಗಿ ಜಿಲ್ಲೆಯ ಪರಿಸ್ಥಿತಿ

ಸೇಡಂ, ಚಿತ್ತಾಪುರ, ಚಿಂಚೋಳಿ ತಾಲ್ಲೂಕುಗಳು 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದವು. ಸೇಡಂ ತಾಲ್ಲೂಕಿನ ಮಳಖೇಡವು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಕನ್ನಡದ ಉಪಲಬ್ಧ ಕೃತಿಗಳಲ್ಲಿ ಅತ್ಯಂತ ಪ್ರಾಚೀನವಾದ 'ಕವಿರಾಜಮಾರ್ಗ'ವು ಆ ಅರಸರ ಆಸ್ಥಾನದಲ್ಲಿ ರಚಿತವಾಯಿತು. ಆದರೆ ನಿಜಾಮರ ಕಾಲದಲ್ಲಿ ಆಡಳಿತ ಮತ್ತು ಉನ್ನತ ಶಿಕ್ಷಣದ ಭಾಷೆ ಉರ್ದುವಾಗಿತ್ತು. ಕನ್ನಡ ಶಾಲೆಗಳ ವಿಸ್ತರಣೆ ಬಹುಪಾಲು ಏಕೀಕರಣದ ನಂತರವೇ ನಡೆಯಿತು.

2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತಾ ಪ್ರಮಾಣ ಶೇ. 75.36 ಇದ್ದರೆ, ಅಂದಿನ ಗುಲಬರ್ಗಾ ಜಿಲ್ಲೆಯದು ಶೇ. 64.85 ಇತ್ತು. ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರ ವರದಿಯಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪೈಕಿ 21 ಕಲಬುರಗಿ ವಿಭಾಗದವು. ಸಂವಿಧಾನದ 98ನೆಯ ತಿದ್ದುಪಡಿಯಿಂದ ಸೇರ್ಪಡೆಯಾದ 371(ಜೆ) ವಿಧಿಯ ಅನ್ವಯ ರಚಿತವಾದ ಪ್ರದೇಶಾಭಿವೃದ್ಧಿ ಮಂಡಳಿ ಶಾಲಾ ಕಟ್ಟಡಗಳಿಗೂ ಅನುದಾನ ನೀಡುತ್ತದೆ. ಮಂಡಳಿಯ ಈಗಿನ ಹೆಸರು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ.

ಈ ಭಾಗ ಸಿಮೆಂಟ್ ಕಾರ್ಖಾನೆಗಳ ನೆಲೆಯೂ ಹೌದು. ವಾಡಿಯ ಎಸಿಸಿ, ಸೇಡಂನ ವಾಸವದತ್ತಾ, ಮಳಖೇಡದ ರಾಜಶ್ರೀ ಕಾರ್ಖಾನೆಗಳು ಇಲ್ಲಿನ ಸುಣ್ಣದಕಲ್ಲಿನ ನಿಕ್ಷೇಪವನ್ನೇ ಆಧರಿಸಿವೆ. 2013ರ ಕಂಪನಿ ಕಾಯ್ದೆಯ 135ನೆಯ ಕಲಮಿನಂತೆ ನಿಗದಿತ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವೆಚ್ಚ ಮಾಡಬೇಕು. ಶಿಕ್ಷಣವೂ ಈ ಪಟ್ಟಿಯಲ್ಲಿರುವುದರಿಂದ, ಶಿಬಿರದವರ ದುಡಿಮೆಗೆ ಸಾಮಗ್ರಿ ಒದಗಿಸಲು ಈ ನಿಧಿಯನ್ನು ಬಳಸಲು ಅವಕಾಶವಿದೆ.

ಕಟ್ಟಡ, ಮಣ್ಣು ಮತ್ತು ಹವಾಮಾನ

ಶಾಲೆಯ ದುರಸ್ತಿಗೆ ಇಳಿಯುವವರು ಈ ನೆಲದ ಗುಣವನ್ನು ತಿಳಿದಿರಬೇಕಾಗುತ್ತದೆ. ಭೀಮಾ ಮತ್ತು ಕಾಗಿಣಾ ನದಿಗಳ ಬಯಲಿನ ಬಹುಭಾಗ ಎರೆಮಣ್ಣಿನದು. ಇದು ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ತಳಪಾಯ ಆಳವಿಲ್ಲದ ಗೋಡೆಗಳು ಇದರಿಂದಾಗಿ ಸೀಳುತ್ತವೆ. ಬಣ್ಣ ಅಥವಾ ಗಿಲಾವಿನಿಂದ ಇಂತಹ ಬಿರುಕನ್ನು ಮುಚ್ಚಬಹುದೇ ಹೊರತು ನಿಲ್ಲಿಸಲಾಗದು. ಕಟ್ಟಡದ ಸುತ್ತ ನೀರು ನಿಲ್ಲದಂತೆ ಇಳಿಜಾರು ಮತ್ತು ಚರಂಡಿ ಮಾಡುವುದು ಮೊದಲ ಕೆಲಸ. ಚಿಂಚೋಳಿಯ ಕಡೆ ಜಂಬಿಟ್ಟಿಗೆಯ ಮಣ್ಣೂ ಅರಣ್ಯವೂ ಇರುವುದರಿಂದ ಸಮಸ್ಯೆಗಳು ಬೇರೆ ಬಗೆಯವು.

ಶಹಾಬಾದ ಕಲ್ಲು ಎಂದು ದೇಶದಾದ್ಯಂತ ಹೆಸರಾದ ಪದರುಗಲ್ಲು ಇಲ್ಲಿ ನೆಲಕ್ಕೂ ಮಾಳಿಗೆಗೂ ಬಳಕೆಯಾಗುತ್ತದೆ. ಸ್ಥಳೀಯರು ಇದನ್ನು ಫರಸಿ ಎನ್ನುತ್ತಾರೆ. ಹಳೆಯ ಶಾಲಾ ಕೊಠಡಿಗಳ ಮಾಳಿಗೆಯಲ್ಲಿ ತೊಲೆಗಳ ಮೇಲೆ ಫರಸಿ ಹಾಸಿ, ಸಂದುಗಳನ್ನು ಗಾರೆಯಿಂದ ತುಂಬಿರುತ್ತಾರೆ. ಸಂದಿನ ಗಾರೆ ಉದುರಿದಾಗ ಮಾಳಿಗೆ ಸೋರುತ್ತದೆ. ಸೋರಿಕೆಯನ್ನು ತಡೆಯದೆ ಒಳಗೋಡೆಗೆ ಬಣ್ಣ ಹಚ್ಚಿದರೆ ಒಂದೇ ಮಳೆಗಾಲದಲ್ಲಿ ಬಣ್ಣ ಹಪ್ಪಳದಂತೆ ಎದ್ದುಬರುತ್ತದೆ. ಆದ್ದರಿಂದ ಮೇಲಿನಿಂದ ಕೆಳಗೆ, ಅಂದರೆ ಮಾಳಿಗೆ, ಗೋಡೆ, ನೆಲ, ಕೊನೆಗೆ ಬಣ್ಣ ಎಂಬ ಅನುಕ್ರಮವನ್ನು ಅನುಭವಿ ಗೌಂಡಿಗಳು ಪಾಲಿಸುತ್ತಾರೆ.

ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಶಾಲೆಗೆ ರಜೆಯಿರುವ ಕಾಲವೇ ಹೊರಗಿನ ದುಡಿಮೆಗೆ ಅತಿ ಕಠಿಣವಾದ ಕಾಲವೂ ಆಗಿರುವುದು ಇಲ್ಲಿನ ತೊಡಕು. ಮಾಳಿಗೆಯ ಮೇಲೆ ದಪ್ಪನಾಗಿ ಬಿಳಿ ಸುಣ್ಣ ಬಳಿಯುವುದು ಕಡಿಮೆ ಖರ್ಚಿನಲ್ಲಿ ಕೊಠಡಿಯ ಕಾವನ್ನು ತಗ್ಗಿಸುವ ಉಪಾಯ.

ಕಾಯ್ದೆ ಮತ್ತು ಆಡಳಿತ

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕು ಕಾಯ್ದೆ, 2009 (ಜಾರಿ: 2010ರ ಏಪ್ರಿಲ್ 1) ಶಾಲೆಗಿರಬೇಕಾದ ಕನಿಷ್ಠ ಸೌಲಭ್ಯಗಳನ್ನು ಅನುಸೂಚಿಯಲ್ಲಿ ಹೇಳುತ್ತದೆ. ಅವುಗಳಲ್ಲಿ ಮುಖ್ಯವಾದವು:

* ಪ್ರತಿ ಶಿಕ್ಷಕರಿಗೆ ಕನಿಷ್ಠ ಒಂದು ತರಗತಿ ಕೊಠಡಿ
* ಅಂಗವಿಕಲ ಮಕ್ಕಳಿಗೂ ತಡೆಯಿಲ್ಲದ ಪ್ರವೇಶ
* ಬಾಲಕ ಬಾಲಕಿಯರಿಗೆ ಪ್ರತ್ಯೇಕ ಶೌಚಾಲಯ
* ಸುರಕ್ಷಿತ ಕುಡಿಯುವ ನೀರು
* ಬಿಸಿಯೂಟದ ಅಡುಗೆ ಕೋಣೆ
* ಆಟದ ಮೈದಾನ ಮತ್ತು ಆವರಣ ಗೋಡೆ ಅಥವಾ ಬೇಲಿ

ಇವೆಲ್ಲ ಮಕ್ಕಳ ಹಕ್ಕುಗಳು, ದಾನಿಗಳ ಕೃಪೆಯಲ್ಲ ಎಂಬುದು ಈ ಕಾಯ್ದೆಯ ತಾತ್ಪರ್ಯ. 2012ರ ಅಕ್ಟೋಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಎಲ್ಲ ಶಾಲೆಗಳಲ್ಲಿ ಶೌಚಾಲಯ ಮತ್ತು ನೀರಿನ ಸೌಲಭ್ಯವನ್ನು ಆರು ತಿಂಗಳೊಳಗೆ ಒದಗಿಸುವಂತೆ ರಾಜ್ಯಗಳಿಗೆ ಆದೇಶಿಸಿತು.

ಕರ್ನಾಟಕದಲ್ಲಿ ಡಾ. ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನಂತೆ 2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು (ಎಸ್‌ಡಿಎಂಸಿ) ರಚನೆಯಾದವು. ಕೇಂದ್ರ ಕಾಯ್ದೆಯ 21ನೆಯ ಕಲಮಿನ ಪ್ರಕಾರ ಶಾಲಾ ಸಮಿತಿಯ ನಾಲ್ಕನೆಯ ಮೂರು ಭಾಗ ಪೋಷಕರೂ, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರೂ ಇರಬೇಕು. ಶಿಬಿರ ನಡೆಸುವವರು ಮುಖ್ಯ ಗುರುಗಳು, ಈ ಸಮಿತಿ ಮತ್ತು ಕ್ಷೇತ್ರ ಶಿಕ್ಷಣಾಧಿಕಾರಿಗಳ ಒಪ್ಪಿಗೆಯನ್ನು ಮೊದಲು ಪಡೆಯಬೇಕು. ವಿದೇಶಿ ಹಣ ಬಳಕೆಯಾಗುವುದಾದರೆ ವಿದೇಶಿ ವಂತಿಗೆ (ನಿಯಂತ್ರಣ) ಕಾಯ್ದೆ, 2010 ಅನ್ವಯಿಸುತ್ತದೆ. ವಿದೇಶಿ ಸ್ವಯಂಸೇವಕರು ತಮ್ಮ ವೀಸಾ ಷರತ್ತುಗಳನ್ನೂ ಪಾಲಿಸಬೇಕು.

ಕಾರ್ಯವಿಧಾನ

ಶಿಬಿರಕ್ಕೆ ಮೊದಲು ಶಾಲೆಯ ಅಗತ್ಯಗಳ ಪಟ್ಟಿ ಸಿದ್ಧವಾಗುತ್ತದೆ. ಮಾಳಿಗೆ, ತೊಲೆ, ತಳಪಾಯ, ವಿದ್ಯುತ್ ತಂತಿ ಮುಂತಾದ ಅಪಾಯಕಾರಿ ಕೆಲಸಗಳನ್ನು ಇಂಜಿನಿಯರರ ಪರಿಶೀಲನೆಯಲ್ಲಿ ಪರಿಣತ ಕೆಲಸಗಾರರಿಗೇ ಒಪ್ಪಿಸಬೇಕು. ಅನನುಭವಿ ಯುವಕರಿಗೆ ಸೂಕ್ತವಾದ ಕೆಲಸಗಳೆಂದರೆ ಕಳೆ ಕಿತ್ತು ಮೈದಾನ ಸಮಗೊಳಿಸುವುದು, ಹಳೆಯ ಬಣ್ಣ ಕೆರೆಯುವುದು, ಸುಣ್ಣ ಬಣ್ಣ ಬಳಿಯುವುದು, ಗಿಡ ನೆಡುವುದು, ಗ್ರಂಥಾಲಯದ ಪುಸ್ತಕಗಳನ್ನು ಜೋಡಿಸುವುದು, ಗೌಂಡಿಗಳಿಗೆ ಕಲ್ಲು, ಉಸುಕು, ನೀರು ಒದಗಿಸುವುದು.

ಹಳೆಯ ಎಣ್ಣೆಬಣ್ಣವನ್ನು ಒಣಗಿದಂತೆಯೇ ಉಜ್ಜುವುದು ಅಪಾಯಕರ, ಏಕೆಂದರೆ ಅದರಲ್ಲಿ ಸೀಸ ಇರುವ ಸಾಧ್ಯತೆಯಿದೆ. ಭಾರತದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಮಿತಿಯನ್ನು ಹತ್ತು ಲಕ್ಷ ಭಾಗಕ್ಕೆ 90 ಭಾಗ ಎಂದು ನಿಗದಿಪಡಿಸಿದ ನಿಯಮ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ಅದಕ್ಕೂ ಹಿಂದಿನ ಬಣ್ಣವನ್ನು ನೀರು ಚಿಮುಕಿಸಿ ತೇವಗೊಳಿಸಿ, ಮಕ್ಕಳಿಲ್ಲದ ಹೊತ್ತಿನಲ್ಲಿ ಕೆರೆಯುವುದು ಕ್ಷೇಮ.

ಗೋಡೆ, ನೆಲ, ಕಿಟಕಿಗಳನ್ನೇ ಕಲಿಕೆಯ ಸಾಧನವಾಗಿಸುವ 'ಬಾಲಾ' ಮಾದರಿಯನ್ನೂ ಶಿಬಿರಗಳಲ್ಲಿ ಅನುಸರಿಸಬಹುದು. ಬಾಗಿಲು ತೆರೆಯುವ ನೆಲದ ಮೇಲೆ ಕೋನಮಾಪಕ, ಕಂಬದ ಮೇಲೆ ಎತ್ತರದ ಅಳತೆಪಟ್ಟಿ, ಗೋಡೆಯ ಕೆಳಭಾಗದಲ್ಲಿ ಮಕ್ಕಳು ಬರೆಯಬಲ್ಲ ಕಪ್ಪು ಪಟ್ಟಿ ಇದರ ಉದಾಹರಣೆಗಳು. ಈ ಭಾಗದ ಶಾಲೆಗಳಲ್ಲಿ ಕನ್ನಡದ ಜೊತೆಗೆ ಉರ್ದು, ತೆಲುಗು ಮತ್ತು ಲಂಬಾಣಿ ಮನೆಮಾತಿನ ಮಕ್ಕಳೂ ಇರುವುದರಿಂದ ಗೋಡೆಬರಹದಲ್ಲಿ ಊರಿನ ವಸ್ತುಗಳ ಚಿತ್ರಗಳಿಗೆ ಪ್ರಾಮುಖ್ಯ ನೀಡುವುದು ಉಪಯುಕ್ತ.

ಪ್ರಯೋಜನಗಳು

ಬಳಸಲು ಯೋಗ್ಯವಾದ ಶೌಚಾಲಯ ಮತ್ತು ನೀರು ಇದ್ದಲ್ಲಿ ಹದಿಹರೆಯದ ಬಾಲಕಿಯರು ಶಾಲೆಯಲ್ಲಿ ಉಳಿಯುವುದು ಸುಲಭವಾಗುತ್ತದೆ. ಚಿಂಚೋಳಿ ತಾಲ್ಲೂಕಿನ ತಾಂಡಾಗಳಂತೆ ತಂದೆತಾಯಿಗಳು ದುಡಿಮೆಗಾಗಿ ಮುಂಬೈ, ಪುಣೆ, ಹೈದರಾಬಾದುಗಳಿಗೆ ಗುಳೆ ಹೋಗುವ ಕಡೆಗಳಲ್ಲಿ, ಮಗುವನ್ನು ಊರಲ್ಲೇ ಬಿಟ್ಟುಹೋಗುವ ಧೈರ್ಯ ಹಿರಿಯರಿಗೆ ಬರಬೇಕಾದರೆ ಶಾಲೆಯ ಮೇಲೆ ನಂಬಿಕೆ ಇರಬೇಕಾಗುತ್ತದೆ. ಸುಸ್ಥಿತಿಯ ಕಟ್ಟಡ ಆ ನಂಬಿಕೆಯ ಒಂದು ಅಂಶ. ಸ್ವಯಂಸೇವಕರಿಗೂ ಲಾಭವುಂಟು: ಪಟ್ಟಣದ ವಿದ್ಯಾರ್ಥಿಗಳು ಹಳ್ಳಿಯ ಬದುಕನ್ನು ಹತ್ತಿರದಿಂದ ಕಾಣುತ್ತಾರೆ; ಜಾತಿ, ಭಾಷೆಗಳ ಅಂತರ ಮರೆತು ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ.

ಟೀಕೆಗಳು

ಈ ಬಗೆಯ ಶಿಬಿರಗಳ ಬಗ್ಗೆ, ಅದರಲ್ಲಿಯೂ ವಿದೇಶಿ ಸಾಹಸಯಾತ್ರೆಗಳ ಬಗ್ಗೆ ಗಂಭೀರವಾದ ಆಕ್ಷೇಪಗಳಿವೆ.

* ವಿಮಾನ ಪ್ರಯಾಣ, ವಸತಿ, ಮೇಲ್ವಿಚಾರಣೆಗಳಿಗೆ ತಗಲುವ ವೆಚ್ಚದಲ್ಲಿ ಊರಿನ ಗೌಂಡಿಗಳಿಗೇ ಕೂಲಿ ಕೊಟ್ಟು ಹೆಚ್ಚು ಉತ್ತಮವಾದ ಕೆಲಸ ಮಾಡಿಸಬಹುದು. ಕಲ್ಲುಕೆಲಸದಲ್ಲಿ ಪರಿಣತರಾದ ಶಹಾಬಾದ, ವಾಡಿ ಕಡೆಯ ಊರುಗಳ ಮಟ್ಟಿಗೆ ಈ ವಾದಕ್ಕೆ ಹೆಚ್ಚಿನ ಬಲವಿದೆ.
* ಕಣ್ಣಿಗೆ ಕಾಣುವ ಬಣ್ಣದ ಕೆಲಸಕ್ಕೆ ಆದ್ಯತೆ ಸಿಕ್ಕಿ, ಸೋರುವ ಮಾಳಿಗೆ, ತುಂಬಿದ ಶೌಚಗುಂಡಿ ಹಾಗೆಯೇ ಉಳಿಯುತ್ತವೆ.
* ಕಾಯ್ದೆಯಂತೆ ಸರ್ಕಾರ ಮಾಡಬೇಕಾದ ಕೆಲಸವನ್ನು ದಾನಿಗಳು ಮಾಡಿದರೆ ಆಡಳಿತದ ಹೊಣೆ ಸಡಿಲವಾಗುತ್ತದೆ.
* ಹೊಸ ಗೋಡೆಗಳು ಶಿಕ್ಷಕರ ಕೊರತೆಯನ್ನು ತುಂಬಲಾರವು.
* ಮಕ್ಕಳ ಭಾವಚಿತ್ರಗಳನ್ನು ಪೋಷಕರ ಅನುಮತಿಯಿಲ್ಲದೆ ಪ್ರಚಾರಕ್ಕೆ ಬಳಸುವುದು ಅವರ ಘನತೆಗೆ ಧಕ್ಕೆ ತರುತ್ತದೆ.

ಇದಕ್ಕೆ ಪ್ರತಿಯಾಗಿ, ಶಿಬಿರದ ಮುಖ್ಯ ಫಲ ಗೋಡೆಯಲ್ಲ, ಜನರ ಒಡನಾಟ ಎಂದು ಬೆಂಬಲಿಗರು ವಾದಿಸುತ್ತಾರೆ. ಆದರೆ ಈ ಫಲವು ಮುಖ್ಯವಾಗಿ ಬಂದವರಿಗೆ ದೊರೆಯುತ್ತದೆಯೋ, ಇದ್ದವರಿಗೆ ದೊರೆಯುತ್ತದೆಯೋ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಶಿಬಿರದ ನಂತರದ ನಿರ್ವಹಣೆ

ನವೀಕರಣದ ಯಶಸ್ಸನ್ನು ಸಮಾರೋಪದ ದಿನ ಅಳೆಯಲಾಗದು. ಎರಡು ಮಳೆಗಾಲ ಕಳೆದ ಮೇಲೆ ಕಟ್ಟಡ ಹೇಗಿದೆ ಎಂಬುದೇ ಅದರ ಅಳತೆಗೋಲು. ಶೌಚಾಲಯಕ್ಕೆ ನೀರಿನ ಸಂಪರ್ಕವಿಲ್ಲದಿದ್ದರೆ ಅಥವಾ ಅದನ್ನು ಶುಚಿಗೊಳಿಸುವವರು ಯಾರೆಂಬುದು ನಿಶ್ಚಯವಾಗದಿದ್ದರೆ ಅದಕ್ಕೆ ಬೇಗನೆ ಬೀಗ ಬೀಳುತ್ತದೆ. ಆ ಕಾರಣ, ಪ್ರತಿ ವರ್ಷ ಮೇ ತಿಂಗಳ ಕೊನೆಯಲ್ಲಿ ಮಳೆಗೆ ಮುನ್ನ ಮಾಳಿಗೆಯ ಸಂದುಗಳನ್ನು ಪರೀಕ್ಷಿಸುವುದು, ಉಳಿದ ಬಣ್ಣ ಮತ್ತು ಸಾಮಗ್ರಿಗಳನ್ನು ಲೆಕ್ಕ ಸಹಿತ ಶಾಲೆಗೆ ಒಪ್ಪಿಸುವುದು, ಕೆಲಸದ ವಿವರವನ್ನು ಎಸ್‌ಡಿಎಂಸಿ ನಡಾವಳಿಯಲ್ಲಿ ದಾಖಲಿಸುವುದು ಒಳ್ಳೆಯ ಪದ್ಧತಿಗಳೆನಿಸಿವೆ. ಹತ್ತಿರದ ಕಾಲೇಜಿನ ಎನ್‌ಎಸ್‌ಎಸ್ ಘಟಕ ಒಂದೇ ಊರನ್ನು ಹಲವು ವರ್ಷ ದತ್ತು ಪಡೆದಾಗ, ಹಿಂದಿನ ತಂಡ ಬಿಟ್ಟ ಕೆಲಸವನ್ನು ಮುಂದಿನ ತಂಡ ಪೂರೈಸಬಲ್ಲದು. ಒಮ್ಮೆ ಬಂದು ಮರಳಿ ಹೋಗುವ ವಿದೇಶಿ ತಂಡಗಳಿಗಿಂತ ಸ್ಥಳೀಯ ಶಿಬಿರಗಳಿಗಿರುವ ಮುಖ್ಯ ಅನುಕೂಲ ಇದೇ ಆಗಿದೆ.