ಜಾತಿ ನಾಯಿಯ ತಾಯಿ

ನಮ್ಮ ಮನೆಗೆ ಮೊದಲು ಬಂದ ನಾಯಿಗೆ ವಂಶಾವಳಿಯ ಪತ್ರವಿತ್ತು. ಅಪ್ಪ, ಅಜ್ಜ, ಮುತ್ತಜ್ಜ ಎಂದು ಸಾಲಾಗಿ ಹೆಸರು ಅಚ್ಚಾಗಿದ್ದ ಆ ಕಾಗದ ನೋಡಿ ನಮ್ಮಮ್ಮ, "ನಿನ್ನ ಮುತ್ತಜ್ಜನ ಹೆಸರು ನಿನಗೇ ಗೊತ್ತಿಲ್ಲ, ನಾಯಿಯದು ಗೊತ್ತಾಯ್ತಲ್ಲೋ!" ಎಂದು ನಕ್ಕಿದ್ದರು. ಮಗನ ಹಟಕ್ಕೆ ಮಣಿದು ಬ್ರೀಡರ್ ಒಬ್ಬರಿಂದ ಕೊಂಡ ಲ್ಯಾಬ್ರಡಾರ್ ಮರಿ ಅದು. ತಂದೆ ಚಾಂಪಿಯನ್ ಎಂದು ಫೋಟೋ ತೋರಿಸಿದ್ದರು. ತಾಯಿ ಎಲ್ಲಿದೆ ಎಂದು ಕೇಳಲು ನನಗೆ ತೋಚಲೇ ಇಲ್ಲ.

ಹನ್ನೆರಡು ವರ್ಷ ನಮ್ಮೊಡನಿದ್ದು ಅದು ತೀರಿಕೊಂಡಿತು. ಇನ್ನು ನಾಯಿಯ ಸಹವಾಸವೇ ಬೇಡ ಎಂದುಕೊಂಡಿದ್ದೆವು. ನನ್ನ ನಿವೃತ್ತಿಯಾಗಿ, ಮಗನೂ ದೂರ ಹೋಗಿ, ಮನೆ ಬಿಕೋ ಎನ್ನತೊಡಗಿದಾಗ ಹೆಂಡತಿಯೇ, "ರೀ, ಈ ಸಲ ದುಡ್ಡು ಕೊಟ್ಟು ತರೋದು ಬೇಡ. ಯಾರಿಗೂ ಬೇಡವಾದದ್ದನ್ನ ತರೋಣ" ಎಂದಳು.

ಬೆಂಗಳೂರಿನ ಆಶ್ರಯಧಾಮವೊಂದಕ್ಕೆ ಹೋದೆವು. ಅಲ್ಲಿ ಕಂತ್ರಿ ನಾಯಿಗಳಷ್ಟೇ ಇರುತ್ತವೆಂಬುದು ನನ್ನ ಎಣಿಕೆ. ನೋಡಿದರೆ ಪಗ್, ಜರ್ಮನ್ ಶೆಫರ್ಡ್, ಏಪ್ರಿಲ್ ಸೆಕೆಗೆ ನಾಲಗೆ ಚಾಚಿ ಮಲಗಿದ್ದ ಹಸ್ಕಿ. ಮೂಲೆಯಲ್ಲೊಂದು ಹೆಣ್ಣು ಲ್ಯಾಬ್ರಡಾರ್. ಮೊಲೆಗಳು ಜೋತುಬಿದ್ದಿದ್ದವು, ಸಿಮೆಂಟು ನೆಲಕ್ಕೆ ಉಜ್ಜಿ ಮುಂಗಾಲುಗಳು ಜಡ್ಡುಗಟ್ಟಿದ್ದವು. "ಮರಿ ಹಾಕಿಸಿ ಹಾಕಿಸಿ, ಇನ್ನಾಗಲ್ಲ ಅಂದಮೇಲೆ ರೋಡಿಗೆ ಬಿಟ್ಟಿದ್ದಾರೆ ಸಾರ್" ಎಂದ ಅಲ್ಲಿನ ಹುಡುಗ.

ಜಾತಿ ನಾಯಿಗೂ ಈ ಗತಿಯೆ? ನಾನು ಇತಿಹಾಸದ ಮೇಷ್ಟ್ರಾಗಿದ್ದವನು. ಮನೆಗೆ ಬಂದು ಪುಸ್ತಕ ತಿರುವಿದಾಗ, ಆಶ್ಚರ್ಯಪಡುವಂಥದ್ದೇನೂ ಇಲ್ಲ ಎನಿಸಿತು. ಜಾತಿ ನಾಯಿಯೂ ನಾಯಿಗಳ ಅನಾಥಾಲಯವೂ ಹೆಚ್ಚುಕಡಿಮೆ ಅವಳಿ ಮಕ್ಕಳು.

ಬೇಟೆಗೊಂದು, ಕುರಿ ಕಾಯಲಿಕ್ಕೊಂದು ಎಂದು ಬಗೆಬಗೆಯ ನಾಯಿಗಳು ಹಿಂದಿನಿಂದಲೂ ಇದ್ದವು, ನಿಜ. ಆದರೆ ಕೆಲಸಕ್ಕಿಂತ ರೂಪಕ್ಕೂ ವಂಶಕ್ಕೂ ಬೆಲೆ ಕಟ್ಟುವ ಪದ್ಧತಿ ಬೇರೂರಿದ್ದು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ. 1859ರಲ್ಲಿ ನ್ಯೂಕ್ಯಾಸಲ್ ಪಟ್ಟಣದಲ್ಲಿ ಶ್ವಾನ ಪ್ರದರ್ಶನ ನಡೆಯಿತು. ಸೇರಿದ್ದು ಪಾಯಿಂಟರ್, ಸೆಟರ್ ಎಂಬ ಬೇಟೆನಾಯಿಗಳು. ಗೆದ್ದವರಿಗೆ ಬಂದೂಕು ಬಹುಮಾನ. ಮರುವರ್ಷವೇ, 1860ರಲ್ಲಿ, ಮೇರಿ ಟೀಲ್ಬಿ ಎಂಬಾಕೆ ಲಂಡನ್ನಿನ ಹಾಲೊವೆಯಲ್ಲಿ ಬೀದಿಪಾಲಾದ ನಾಯಿಗಳಿಗೆ ಆಶ್ರಯ ತೆರೆದರು. 'ಟೈಮ್ಸ್' ಪತ್ರಿಕೆ ಗೇಲಿ ಮಾಡಿತು. 1862ರಲ್ಲಿ ಅಲ್ಲೇ ಹತ್ತಿರದ ಇಸ್ಲಿಂಗ್ಟನ್ನಿನಲ್ಲಿ ಭಾರಿ ಶ್ವಾನ ಪ್ರದರ್ಶನವಾದಾಗ, ಚಾರ್ಲ್ಸ್ ಡಿಕನ್ಸ್ ನಡೆಸುತ್ತಿದ್ದ ವಾರಪತ್ರಿಕೆ ಅದನ್ನೂ ಟೀಲ್ಬಿಯವರ ಆಶ್ರಯವನ್ನೂ ಒಂದೇ ಲೇಖನದಲ್ಲಿಟ್ಟು 'ಎರಡು ಶ್ವಾನ ಪ್ರದರ್ಶನಗಳು' ಎಂದು ಹೆಸರಿಟ್ಟಿತು. ಟೀಲ್ಬಿ 1865ರಲ್ಲಿ ತೀರಿಕೊಂಡರು. ಅವರ ಆಶ್ರಯ 1871ರಲ್ಲಿ ಬ್ಯಾಟರ್ಸಿಗೆ ಹೋಗಿ ಇಂದಿಗೂ ನಡೆಯುತ್ತಿದೆ. 1873ರಲ್ಲಿ ಕೆನೆಲ್ ಕ್ಲಬ್ ಹುಟ್ಟಿತು; ಮರುವರ್ಷ ವಂಶಾವಳಿಯ ಪುಸ್ತಕ ಹೊರಬಂತು.

ನಮ್ಮ ಲ್ಯಾಬ್ರಡಾರ್‌ನ ಕುಲವನ್ನೇ ಕೆದಕಿ ನೋಡಿ. ಅದರ ಪೂರ್ವಿಕರು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಬೆಸ್ತರ ನಾಯಿಗಳು. ಬ್ರಿಟನ್ನಿನ ಶ್ರೀಮಂತ ಜಮೀನುದಾರರು ಅವನ್ನು ತರಿಸಿ, ಸಾಕಿ, ಬೇಟೆಗೆ ಪಳಗಿಸಿದರು. 1903ರಲ್ಲಿ ಕ್ಲಬ್ಬು ಅದನ್ನು ಪ್ರತ್ಯೇಕ ತಳಿಯೆಂದು ಒಪ್ಪಿತು. ಬೆಸ್ತರ ನಾಯಿ ಹೀಗೆ ಜಾತಿವಂತನಾಯಿತು! ಜಾತಿ ಎಂಬುದು ರಿಜಿಸ್ಟರಿನಲ್ಲಿ ಹುಟ್ಟುವ ಬಗೆ ನಮಗೇನೂ ಹೊಸದಲ್ಲ.

ಬೆಂಗಳೂರಿಗೂ ಈ ಅವಳಿಗಳು ಬಂದವು. ಎಂಬತ್ತು ದಾಟಿದ್ದ ಕ್ರಿಸ್ಟಲ್ ರೋಜರ್ಸ್ ಎಂಬ ಇಂಗ್ಲಿಷ್ ಮಹಿಳೆ, ದೆಹಲಿ, ಜೈಪುರಗಳಲ್ಲಿ ಪ್ರಾಣಿಗಳ ಆರೈಕೆ ಮಾಡಿ, 1991ರಲ್ಲಿ ಇಲ್ಲಿ ಕ್ಯೂಪಾ ಸಂಸ್ಥೆಯನ್ನು ಸ್ಥಾಪಿಸಿದರು. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ನಡೆದ ಪಗ್ ದೇಶಕ್ಕೆಲ್ಲ ಬೇಕಾಯಿತು. ಚಪ್ಪಟೆ ಮೂಗಿನ ಆ ಜೀವಕ್ಕೆ ನಮ್ಮ ಬಿಸಿಲಿನಲ್ಲಿ ಉಸಿರಾಡುವುದೇ ಕಷ್ಟ ಎಂಬುದು ಜಾಹೀರಾತಿನಲ್ಲಿ ಕಾಣುವುದಿಲ್ಲವಲ್ಲ. 2017ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿತು: ನಾಯಿ ಬ್ರೀಡರುಗಳು ನೋಂದಾಯಿಸಿಕೊಳ್ಳಬೇಕು, ಎಂಟು ವಾರ ತುಂಬದ ಮರಿಯನ್ನು ಮಾರಬಾರದು, ಹೆಣ್ಣು ನಾಯಿಗೆ ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಸಲ ಮರಿ ಹಾಕಿಸಬಾರದು. ಆ ಮೂಲೆಯ ನಾಯಿ ಎಷ್ಟು ಸಲ ಹಾಕಿತ್ತೋ, ಲೆಕ್ಕ ಇಟ್ಟವರು ಯಾರು?

ತಾಯಿಯನ್ನು ತೋರಿಸಿ ಮರಿ ಕೊಡುವ ಒಳ್ಳೆಯ ಬ್ರೀಡರುಗಳೂ ಇದ್ದಾರೆ. ಆದರೆ ಕೇಳದ ನನ್ನಂಥವರು ಇರುವವರೆಗೆ ತೋರಿಸದವರ ವ್ಯಾಪಾರಕ್ಕೇನೂ ಅಡ್ಡಿಯಿಲ್ಲ. ಹಿಂದೆ ಮರಿ ಕೊಟ್ಟವರು ನನ್ನ ಜೇಬನ್ನಷ್ಟೇ ನೋಡಿದ್ದರು. ಈ ಸಲ ಆಶ್ರಯಧಾಮದವರು ಮನೆಗೇ ಬಂದು ಗೇಟು, ಅಂಗಳ, ನಮ್ಮಿಬ್ಬರ ವಯಸ್ಸು ಎಲ್ಲ ವಿಚಾರಿಸಿದರು.

ಅವಳು ಬಂದಳು. ಮೊದಲ ವಾರ ಹಾಸಿಗೆ ಹಾಸಿದರೂ ಬರಿ ನೆಲದಲ್ಲೇ ಮಲಗಿದಳು. ಒಂದು ದಿನ ಟ್ರಂಕಿನಿಂದ ಹಳೆಯ ವಂಶಾವಳಿಯ ಪತ್ರ ತೆಗೆದೆ. ತಂದೆಯ ಹೆಸರಿನ ಕೆಳಗೇ ತಾಯಿಯ ಹೆಸರೂ ಅಚ್ಚಾಗಿತ್ತು. ಅಷ್ಟು ವರ್ಷ ನಾನದನ್ನು ಓದಿಯೇ ಇರಲಿಲ್ಲ.